ಆ ನಾಲ್ಕು ಅಂಕ ಎಲ್ಲಿಂದ ಬಂತು? ಒಂದು ಪಂದ್ಯವನ್ನು ಕೈಯಲ್ಲೇ ಲೆಕ್ಕ ಹಾಕಿದ ನನ್ನ ಅನುಭವ

2016ರ ಜೂನ್ 20, ಸೋಮವಾರ. ನಮ್ಮಲ್ಲಿ ಬೆಳಗಿನ ಐದೂವರೆ. ಅಮೆರಿಕದ ಓಕ್ಲೆಂಡ್‌ನಲ್ಲಿ ಇನ್ನೂ ಭಾನುವಾರದ ಸಂಜೆ. ಅಲ್ಲಿನ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೈನಲ್ಸ್‌ನ ಏಳನೇ, ಅಂದರೆ ಕೊನೆಯ ಪಂದ್ಯ, ಗೋಲ್ಡನ್ ಸ್ಟೇಟ್ ವಾರಿಯರ್ಸ್ ಎದುರು ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್. ನನ್ನ ತೊಡೆ ಮೇಲೆ ದಿಂಬು, ದಿಂಬಿನ ಮೇಲೆ ಇನ್ನೂರು ಪುಟದ ನೋಟ್‌ಬುಕ್. ಪಕ್ಕದಲ್ಲಿ ನಿದ್ದೆಗಣ್ಣಿನ ಚಿಕ್ಕಪ್ಪನ ಮಗ. ಅವನು ನೋಡಿ ಹೇಳಬೇಕು, ನಾನು ಬರೆಯಬೇಕು. ಒಪ್ಪಂದ ಇಷ್ಟೇ.

ಯಾಕೆ ಈ ಉಸಾಬರಿ ಅಂದರೆ, ಆ ಹೊತ್ತಿಗೆ ನಾನು ಊರಿನ ಟೂರ್ನಮೆಂಟ್‌ಗಳಲ್ಲಿ ಕೆಲವು ವರ್ಷಗಳಿಂದ ಸ್ಕೋರ್ ಶೀಟ್ ಬರೆಯುತ್ತಿದ್ದೆ. ಆ ಶೀಟ್ ನೋಡಿದವರಿಗೆ ಗೊತ್ತು. ಬುಟ್ಟಿಗೆ ಚೆಂಡು ಬಿದ್ದರೆ ಅಂಕದ ಮೇಲೆ ಓರೆ ಗೆರೆ, ಫ್ರೀ ಥ್ರೋ (ಫೌಲ್ ಆದಾಗ ಸಿಗುವ, ಯಾರೂ ಅಡ್ಡ ಬಾರದ ಒಂದು ಅಂಕದ ಎಸೆತ) ಆದರೆ ದಪ್ಪ ಚುಕ್ಕೆ, ದೂರದ ಗೆರೆಯ ಆಚೆಯಿಂದ ಹಾಕುವ ಮೂರು ಅಂಕದ ಶಾಟ್ ಆದರೆ ಆಟಗಾರನ ನಂಬರಿಗೆ ಸುತ್ತು. ಅಂಕ ಸಿಗುತ್ತದೆ, ಫೌಲ್ ಸಿಗುತ್ತದೆ, ಅಷ್ಟೇ. ಒಮ್ಮೆ ಸೋತ ತಂಡದ ಕೋಚ್ ಒಬ್ಬರು ಬಂದು, "ನಮ್ಮ ಹುಡುಗರು ಎಷ್ಟು ರೀಬೌಂಡ್ ಬಿಟ್ಟರು ಹೇಳಪ್ಪಾ" ಎಂದು ಕೇಳಿದರು. ರೀಬೌಂಡ್ ಅಂದರೆ ಒಳಗೆ ಹೋಗದೆ ವಾಪಸ್ ಬಂದ ಚೆಂಡನ್ನು ಹಿಡಿಯೋದು. ನನ್ನ ಹತ್ತಿರ ಉತ್ತರವೇ ಇರಲಿಲ್ಲ. ಹಾಗಾಗಿ ಅಂಕಿಅಂಶ ಬರೆಯೋದನ್ನು ಕಲಿಯಬೇಕು ಅನ್ನಿಸಿತು. ಎನ್‌ಬಿಎ ಪಂದ್ಯ ಆರಿಸಿಕೊಂಡಿದ್ದಕ್ಕೆ ಕಾರಣ ಸರಳ. ಅದು ಗಣಿತದ ಪುಸ್ತಕದ ಹಾಗೆ, ಕೊನೆಯ ಪುಟದಲ್ಲಿ ಉತ್ತರ ಇರುತ್ತದೆ. ಪಂದ್ಯ ಮುಗಿದ ಮೇಲೆ ಅಧಿಕೃತ ಬಾಕ್ಸ್ ಸ್ಕೋರ್, ಅಂದರೆ ಪ್ರತಿ ಆಟಗಾರನ ಅಂಕಿಅಂಶದ ಪಟ್ಟಿ ಬರುತ್ತದಲ್ಲ, ಅದರ ಪಕ್ಕ ನನ್ನದನ್ನು ಇಟ್ಟು ನೋಡಬಹುದು.

ಮೊದಲ ಕ್ವಾರ್ಟರ್ ಮುಗಿಯುವಷ್ಟರಲ್ಲೇ ಕೆಟ್ಟುಹೋಯಿತು. ಬರೆಯಲು ತಲೆ ತಗ್ಗಿಸಿದರೆ ಅಲ್ಲಿ ಎರಡು ಪಾಸ್ ಆಗಿ ಚೆಂಡು ಈ ಕಡೆಯಿಂದ ಆ ಕಡೆಗೆ ಹೋಗಿರುತ್ತಿತ್ತು. ತಮ್ಮನೋ, ಹೆಸರು ಹೇಳೋದು ಬಿಟ್ಟು "ಅಯ್ಯೋ, ಏನ್ ಶಾಟ್!" ಅನ್ನುತ್ತಾ ಕೂತ. ಯಾರ ಶಾಟ್ ಮಾರಾಯಾ? ಎರಡನೇ ಕ್ವಾರ್ಟರ್‌ನಿಂದ ನಿಯಮ ಬದಲಾಯಿಸಿದೆವು. ಹೆಸರು ಬೇಡ, ಜೆರ್ಸಿ ನಂಬರ್ ಮಾತ್ರ. "23 ಎರಡು ಮಿಸ್, 0 ರೀಬೌಂಡ್, 2 ಮೂರು ಹೋಯ್ತು." ಅಂದರೆ 23ನೇ ನಂಬರಿನವನ ಎರಡರ ಶಾಟ್ ತಪ್ಪಿತು, 0 ನಂಬರಿನವನಿಗೆ ರೀಬೌಂಡ್, 2ನೇ ನಂಬರಿನವನ ಮೂರರ ಶಾಟ್ ಒಳಗೆ ಹೋಯಿತು. ಆಮೇಲೆ ಗೊತ್ತಾಯಿತು, ಎನ್‌ಬಿಎಯಲ್ಲೂ ಕೋರ್ಟ್ ಪಕ್ಕ ಒಬ್ಬರು ನೋಡಿ ಹೇಳುತ್ತಾರೆ, ಇನ್ನೊಬ್ಬರು ಕಂಪ್ಯೂಟರಿಗೆ ಹಾಕುತ್ತಾರೆ. ನಮ್ಮದೊಂದೇ ತೊಡಕು: ಎರಡೂ ತಂಡದಲ್ಲಿ 23 ಇದ್ದರು, ಕ್ಲೀವ್‌ಲ್ಯಾಂಡ್‌ನ ಲೆಬ್ರಾನ್ ಜೇಮ್ಸ್ ಮತ್ತು ವಾರಿಯರ್ಸ್‌ನ ಡ್ರೇಮಂಡ್ ಗ್ರೀನ್. ಅದಕ್ಕೆ "ಬಿಳಿ 23", "ಕಪ್ಪು 23" ಎಂದು ಜೆರ್ಸಿ ಬಣ್ಣ ಸೇರಿಸಿಕೊಂಡೆವು.

ಲೈವ್‌ನಲ್ಲಿ ಬರೆದದ್ದು ಹೇಗೂ ಗೋಜಲು. ಆ ವಾರಾಂತ್ಯ ರೆಕಾರ್ಡಿಂಗ್ ಹಾಕಿ, ನಿಲ್ಲಿಸಿ ನಿಲ್ಲಿಸಿ, ಮತ್ತೆ ಮೊದಲಿನಿಂದ ಬರೆದೆ. ಆಗ ಅಂಕ ಪೂರ್ತಿ ಹೊಂದಿತು, 93-89, ಕ್ಲೀವ್‌ಲ್ಯಾಂಡ್‌ಗೆ ನಾಲ್ಕು ಅಂಕದ ಗೆಲುವು. ಆದರೆ ಲೆಬ್ರಾನ್ ಶಾಟ್‌ಗಳ ಲೆಕ್ಕ ಹೊಂದಲಿಲ್ಲ. ನನ್ನ ಪುಸ್ತಕದಲ್ಲಿ 26 ಪ್ರಯತ್ನ, ಅಧಿಕೃತ ಪಟ್ಟಿಯಲ್ಲಿ 24.

ಅರ್ಧ ದಿನ ಹುಡುಕಿದೆ. ತಪ್ಪು ಸಿಕ್ಕಿದ್ದು ಕೊನೆಯ ಕ್ವಾರ್ಟರ್‌ನಲ್ಲಿ. ವಾರಿಯರ್ಸ್‌ನ ಫೆಸ್ಟಸ್ ಎಜೆಲಿ ಮೂರರ ಗೆರೆಯ ಆಚೆ ಲೆಬ್ರಾನ್ ಮೇಲೆ ಫೌಲ್ ಮಾಡುತ್ತಾನೆ, ಶಾಟ್ ಒಳಗೆ ಹೋಗಲ್ಲ, ಮೂರು ಫ್ರೀ ಥ್ರೋ ಸಿಗುತ್ತವೆ. 10.6 ಸೆಕೆಂಡ್ ಉಳಿದಾಗ ಡಂಕ್ ಮಾಡಲು, ಅಂದರೆ ಚೆಂಡನ್ನು ಮೇಲಿನಿಂದ ಬುಟ್ಟಿಗೆ ತುರುಕಲು ಹಾರಿದ ಲೆಬ್ರಾನ್‌ನನ್ನು ಗ್ರೀನ್ ಕೆಡವುತ್ತಾನೆ, ಎರಡು ಫ್ರೀ ಥ್ರೋ. ಎರಡನ್ನೂ ನಾನು "ಮಿಸ್" ಅಂತ ಬರೆದಿದ್ದೆ. ಶಾಟ್ ಹಾಕುವಾಗ ಫೌಲ್ ಆಗಿ ಚೆಂಡು ಒಳಗೆ ಹೋಗದಿದ್ದರೆ ಅದು ಪ್ರಯತ್ನವೇ ಅಲ್ಲ. ಹೋದರೆ ಮಾತ್ರ ಲೆಕ್ಕಕ್ಕೆ. ನಿಯಮ ಓದಿದ್ದೆ, ಕೈಗೆ ಬಂದಿರಲಿಲ್ಲ.

ರೀಬೌಂಡ್‌ಗೆ ಒಂದು ತಾಳೆ ನೋಡುವ ದಾರಿ ಇದೆ. ಒಳಗೆ ಹೋಗದ ಪ್ರತಿ ಶಾಟ್‌ಗೂ ಯಾರಾದರೂ ಒಬ್ಬರು ಲೆಕ್ಕ ಕೊಡಬೇಕು. ಕ್ಲೀವ್‌ಲ್ಯಾಂಡ್ 82ರಲ್ಲಿ 33 ಹಾಕಿತು, ಅಂದರೆ 49 ಮಿಸ್. ವಾರಿಯರ್ಸ್ 83ರಲ್ಲಿ 32, ಅಂದರೆ 51 ಮಿಸ್. ಸರಿಯಾಗಿ ನೂರು. ಆಟಗಾರರ ಹೆಸರಿನಲ್ಲಿ ಇರುವ ರೀಬೌಂಡ್ 48 ಮತ್ತು 39, ಸೇರಿ 87. ಉಳಿದವು ಎಲ್ಲಿ ಹೋದವು ಎಂದು ತಲೆ ಕೆರೆದುಕೊಂಡೆ. ಚೆಂಡು ಯಾರ ಕೈಗೂ ಸಿಗದೆ ಗೆರೆ ದಾಟಿದರೆ ಅದು ತಂಡದ ರೀಬೌಂಡ್, ಯಾವ ಆಟಗಾರನ ಸಾಲಿಗೂ ಬರಲ್ಲ.

ಈಗ ನನಗೆ ಜಾಸ್ತಿ ಖುಷಿ ಕೊಟ್ಟ ಭಾಗಕ್ಕೆ ಬರುತ್ತೇನೆ. ವಾರಿಯರ್ಸ್ 41ರಲ್ಲಿ 15 ಮೂರರ ಶಾಟ್ ಹಾಕಿದರು. ಕ್ಲೀವ್‌ಲ್ಯಾಂಡ್ 25ರಲ್ಲಿ ಬರೀ 6. ಇಷ್ಟು ಮಾತ್ರ ತೋರಿಸಿದರೆ ಯಾರು ಗೆದ್ದರು ಅಂತೀರಿ? ಮೂರರಿಂದ ವಾರಿಯರ್ಸ್‌ಗೆ 45 ಅಂಕ, ಕ್ಲೀವ್‌ಲ್ಯಾಂಡ್‌ಗೆ 18. ವಾರಿಯರ್ಸ್ 27 ಮುಂದೆ. ಎರಡರ ಶಾಟ್‌ಗಳಿಗೆ ಬನ್ನಿ. ಕ್ಲೀವ್‌ಲ್ಯಾಂಡ್ 27 ಹಾಕಿ 54 ಅಂಕ, ವಾರಿಯರ್ಸ್ 17 ಹಾಕಿ 34. ಇಲ್ಲಿ 20 ವಾಪಸ್ ಬಂತು. ಫ್ರೀ ಥ್ರೋ 21 ಮತ್ತು 10, ಇನ್ನೊಂದು 11. ಒಟ್ಟು 31ರಲ್ಲಿ 27 ಕಳೆದರೆ 4. ಪಂದ್ಯದ ಅಂತರ ಅಷ್ಟೇ. ವಾರಿಯರ್ಸ್‌ನ ಸ್ಟೀಫನ್ ಕರಿ ಮೂರರ ಶಾಟ್‌ನಲ್ಲಿ 14ಕ್ಕೆ 4, ಕ್ಲೇ ಥಾಂಪ್ಸನ್ 10ಕ್ಕೆ 2 ಎಂದು ಎಲ್ಲರೂ ಬೈದರು. ಸರಿಯೇ. ಆದರೆ ನನ್ನ ಪುಸ್ತಕ ನೋಡಿದರೆ ಸೋತದ್ದು ಬುಟ್ಟಿಯ ಹತ್ತಿರ ಮತ್ತು ಫ್ರೀ ಥ್ರೋ ಗೆರೆಯ ಮೇಲೆ.

ಸೋತ ತಂಡದ ಗ್ರೀನ್ 15ರಲ್ಲಿ 11 ಹಾಕಿ 32 ಅಂಕ, 15 ರೀಬೌಂಡ್, 9 ಅಸಿಸ್ಟ್ (ಬುಟ್ಟಿಗೆ ದಾರಿ ಮಾಡಿಕೊಟ್ಟ ಪಾಸ್) ಮಾಡಿದ. ಲೆಬ್ರಾನ್ 27 ಅಂಕಕ್ಕೆ 24 ಶಾಟ್ ತೆಗೆದುಕೊಂಡ, 9 ಮಾತ್ರ ಹೋದವು. ಶಾಟ್ ಲೆಕ್ಕದಲ್ಲಿ ಇಬ್ಬರಿಗೂ ಅಜಗಜಾಂತರ. ಆದರೂ 11 ರೀಬೌಂಡ್, 11 ಅಸಿಸ್ಟ್ ಸೇರಿ ಲೆಬ್ರಾನ್‌ದು ಟ್ರಿಪಲ್ ಡಬಲ್, ಅಂದರೆ ಮೂರು ಲೆಕ್ಕದಲ್ಲೂ ಎರಡಂಕಿ. ಫೈನಲ್ಸ್‌ನ ಏಳನೇ ಪಂದ್ಯದಲ್ಲಿ ಅದಕ್ಕೂ ಮುಂಚೆ ಅದನ್ನು ಮಾಡಿದ್ದವರು ಇಬ್ಬರೇ, 1969ರಲ್ಲಿ ಜೆರ್ರಿ ವೆಸ್ಟ್, 1988ರಲ್ಲಿ ಜೇಮ್ಸ್ ವರ್ದಿ. ವೆಸ್ಟ್ ಕಾಲದಲ್ಲಿ ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿಯೋದು), ಬ್ಲಾಕ್ (ಶಾಟನ್ನು ಕೈಯಿಂದ ತಡೆಯೋದು) ಬರೆಯುತ್ತಲೇ ಇರಲಿಲ್ಲ. 1973-74ರಿಂದ ಶುರುವಾದದ್ದು ಅದು. ಪಾಪ, ಅವರು ಎಷ್ಟು ಕದ್ದಿದ್ದರೋ!

ಬ್ಲಾಕ್ ಅಂದಾಗ ಆ ಬ್ಲಾಕ್ ಬರಲೇಬೇಕು. ಅಂಕ 89-89, ಎರಡು ನಿಮಿಷಕ್ಕಿಂತ ಕಡಿಮೆ ಉಳಿದಿದೆ. ವಾರಿಯರ್ಸ್‌ನ ಆಂಡ್ರೆ ಇಗುಡಾಲಾ ಚೆಂಡು ತಂದು ಕರಿಗೆ ಕೊಡುತ್ತಾನೆ, ಕರಿ ಪುಟಿಸಿ ವಾಪಸ್ ಕೊಡುತ್ತಾನೆ, ಇಗುಡಾಲಾ ಲೇಅಪ್‌ಗೆ, ಅಂದರೆ ಬುಟ್ಟಿಯ ಹತ್ತಿರದಿಂದ ಮೆಲ್ಲಗೆ ಹಾಕಲು, ಏಳುತ್ತಾನೆ. ಲೆಬ್ರಾನ್ ಹಿಂದಿನಿಂದ ಓಡಿಬಂದು ಚೆಂಡನ್ನು ಬೋರ್ಡಿಗೆ ಬಡಿಯುತ್ತಾನೆ. ಬರೆಯಬೇಕಾದದ್ದು ಇಷ್ಟೇ: ಇಗುಡಾಲಾಗೆ ಒಂದು ಮಿಸ್, ಲೆಬ್ರಾನ್‌ಗೆ ಒಂದು ಬ್ಲಾಕ್, ಒಂದು ರೀಬೌಂಡ್. ನಿಧಾನಕ್ಕೆ ಓಡಿಸಿ ನೋಡಿದಾಗ ಇನ್ನೊಂದು ಕಾಣಿಸಿತು. ಕ್ಲೀವ್‌ಲ್ಯಾಂಡ್‌ನ ಜೆ. ಆರ್. ಸ್ಮಿತ್ ಮುಂದೆ ಹಾರಿದ್ದಾನೆ. ಅವನನ್ನು ತಪ್ಪಿಸಿಕೊಳ್ಳಲು ಇಗುಡಾಲಾ ಗಾಳಿಯಲ್ಲೇ ಒಂದು ಚಣ ಚೆಂಡನ್ನು ಕೆಳಗೆ ತಂದು ಮತ್ತೆ ಎತ್ತಬೇಕಾಯಿತು. ಆ ಚಣದಲ್ಲೇ ಲೆಬ್ರಾನ್ ತಲುಪಿದ್ದು. ಹಾಗೆ ಹಾರಿದ್ದಕ್ಕೆ ಸ್ಮಿತ್ ಸಾಲಿನಲ್ಲಿ ಏನೂ ಇಲ್ಲ. ಪಾಸ್ ಕೊಟ್ಟ ಕರಿಗೂ ಏನೂ ಇಲ್ಲ, ಶಾಟ್ ಹೋಗಲಿಲ್ಲವಲ್ಲ. ಕ್ಲೀವ್‌ಲ್ಯಾಂಡ್‌ನ ಕೈರಿ ಅರ್ವಿಂಗ್ ಗೆಲುವಿನ ಮೂರು ಹಾಕಿದ ಮೇಲೆ ಅದೇ ತಂಡದ ಕೆವಿನ್ ಲವ್ ಕರಿಯ ಎದುರು ನಿಂತು ಜಾಗ ಕೊಡದೆ ತಡೆದದ್ದೂ ಹಾಗೇ, ಪಟ್ಟಿಯಲ್ಲಿ ಕರಿಯ ಒಂದು ಮಿಸ್ ಮಾತ್ರ. ಲವ್ ಹಾಕಿದ್ದು 9 ಅಂಕ. ಆದರೆ ಅವನು ಕೋರ್ಟ್‌ನಲ್ಲಿದ್ದ ಹೊತ್ತಿನಲ್ಲಿ ಕ್ಲೀವ್‌ಲ್ಯಾಂಡ್ ಎದುರಾಳಿಗಿಂತ 19 ಅಂಕ ಹೆಚ್ಚು ಗಳಿಸಿತ್ತು. ಪ್ಲಸ್-ಮೈನಸ್ ಅನ್ನುವ ಆ ಒಂದು ಕಾಲಂನಲ್ಲಿ ಸ್ವಲ್ಪ ಸುಳಿವು ಸಿಗುತ್ತದೆ.

ಅವತ್ತಿನಿಂದ ನನ್ನ ಶೀಟಿನ ಬಲಗಡೆ ಒಂದು ಖಾಲಿ ಕಾಲಂ ಬಿಡುತ್ತೇನೆ. ಯಾರಾದರೂ ಅಡ್ಡ ಬಂದು ಶಾಟ್ ಕೆಡಿಸಿದರೆ ಅಲ್ಲಿ ಪೆನ್ಸಿಲ್‌ನಲ್ಲಿ ಒಂದು ಚುಕ್ಕೆ. ಅಧಿಕೃತ ಅಲ್ಲ, ಸುಮ್ನೆ ಕೋಚ್‌ಗಳಿಗೆ ತೋರಿಸೋಕೆ. ರೀಬೌಂಡ್ ಎಷ್ಟು ಅಂತ ಕೇಳಿದರೆ ಈಗ ತಡವರಿಸದೆ ಹೇಳುತ್ತೇನೆ.

ಅಸಿಸ್ಟ್ ಮಾತ್ರ ಇವತ್ತಿಗೂ ಜಗಳದ ವಿಷಯ. ಪಾಸ್ ಸಿಕ್ಕವನು ಎರಡು ಸಲ ಚೆಂಡು ಪುಟಿಸಿ, ಒಬ್ಬನನ್ನು ತಪ್ಪಿಸಿ ಹಾಕಿದರೆ ಅದು ಪಾಸ್ ಕೊಟ್ಟವನ ಪುಣ್ಯವೋ, ಹಾಕಿದವನ ಕೈಚಳಕವೋ? ತಮ್ಮ ಧಾರಾಳಿ, ಎಲ್ಲರಿಗೂ ಕೊಡು ಅನ್ನುತ್ತಾನೆ. ನಾನು ಜಿಪುಣ. ಪೆನ್ನು ನನ್ನ ಕೈಯಲ್ಲಿದೆ, ಹಾಗಾಗಿ ಸದ್ಯಕ್ಕೆ ನನ್ನ ಮಾತೇ ನಡೆಯುತ್ತಿದೆ.