ಬೂಷ್ಟು ಹಿಡಿದ ಫ್ಲಾಪಿಯಲ್ಲಿ ಸಿಕ್ಕ ಮಗ್ಗಿ

ತೀರ್ಥಹಳ್ಳಿಯಿಂದ ನಮ್ಮ ಮೇಷ್ಟ್ರು ಫೋನ್ ಮಾಡಿದ್ದರು. “ಮನೆ ಹೆಂಚು ಇಳಿಸ್ತಾ ಇದೀವಿ ಮಾರಾಯ. ಅಟ್ಟದ ಮೇಲೆ ಆ ಬಿಬಿಸಿ ಕಂಪ್ಯೂಟರ್ ಇದೆ. ನಿನಗೆ ಬೇಕಿದ್ರೆ ತಗೊಂಡು ಹೋಗು, ಇಲ್ಲಾಂದ್ರೆ ಗುಜರಿಗೆ ಹಾಕ್ತೀನಿ.” ಮುಂದಿನ ಶನಿವಾರವೇ ಹೊರಟೆ.

ಹಳೆಯ ಕಂಪ್ಯೂಟರ್‌ಗಳನ್ನು ಬಿಚ್ಚಿ, ಸರಿಮಾಡಿ, ಮತ್ತೆ ಓಡಿಸುವುದು ನನ್ನ ಹವ್ಯಾಸ. ಹನ್ನೆರಡು ವರ್ಷದಿಂದ ಮಾಡುತ್ತಿದ್ದೇನೆ. ಆದರೆ ಈ ಯಂತ್ರ ನನಗೆ ಬೇರೆಯೇ. ನಾನು ಮೊದಲ ಬಾರಿ ಮುಟ್ಟಿದ ಕಂಪ್ಯೂಟರ್ ಇದು. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಅನ್ನುವ ಯೋಜನೆಯಲ್ಲಿ ಶಾಲೆಗಳಿಗೆ ಕಂಪ್ಯೂಟರ್ ಕೊಡಲು ಶುರುಮಾಡಿತು. ಬಂದದ್ದು ಬ್ರಿಟನ್ನಿನ ಪ್ರಸಾರ ಸಂಸ್ಥೆ ಬಿಬಿಸಿಗಾಗಿ ಏಕಾರ್ನ್ ಕಂಪನಿ ರೂಪಿಸಿದ ಬಿಬಿಸಿ ಮೈಕ್ರೊ. ನಮ್ಮ ಶಾಲೆಗೂ ಬಂತು. ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದೆವು. ಒಂದು ಕಂಪ್ಯೂಟರ್ ಮುಂದೆ ನಾಲ್ಕು ಜನ. ವಾರಕ್ಕೆ ಒಂದು ಪೀರಿಯಡ್, ಅದೂ ಕರೆಂಟ್ ಇದ್ದರೆ.

ಅಟ್ಟದಿಂದ ಇಳಿಸಿದ ರಟ್ಟಿನ ಪೆಟ್ಟಿಗೆಯಲ್ಲಿ ಕಂಪ್ಯೂಟರ್ ಇತ್ತು, ಒಂದು ಫ್ಲಾಪಿ ಡ್ರೈವ್ ಇತ್ತು, 43 ಫ್ಲಾಪಿಗಳಿದ್ದವು. ಪ್ರೋಗ್ರಾಮು, ಮಾಹಿತಿ ಉಳಿಸಿಡುವ ತೆಳು ಡಿಸ್ಕುಗಳು ಅವು, ಐದೂಕಾಲು ಇಂಚಿನವು, ಬಗ್ಗಿಸಿದರೆ ಬಗ್ಗುವಂಥವು. ಕೀಬೋರ್ಡಿನ ಕೆಂಪು ಫಂಕ್ಷನ್ ಕೀಗಳು ಇನ್ನೂ ಕೆಂಪಾಗೇ ಇದ್ದವು. ಫ್ಲಾಪಿಗಳ ಕಥೆ ಹಾಗಿರಲಿಲ್ಲ. ಮಲೆನಾಡಿನ ಮೂವತ್ತು ಮಳೆಗಾಲ ಕಂಡಿದ್ದವು. ಕವರಿನ ಉದ್ದನೆಯ ಕಂಡಿಯಲ್ಲಿ ಕಾಣುವ ಕಂದು ತಟ್ಟೆಯ ಮೇಲೆ ಬಿಳಿ ಬಿಳಿ ಚುಕ್ಕಿ. ಉಪ್ಪಿನಕಾಯಿ ಜಾಡಿಯ ಮೇಲೆ ಬರುತ್ತಲ್ಲ, ಅದೇ ಬೂಷ್ಟು.

ಹಿಂದೆಲ್ಲ ನಾನು ಮೊದಲು ಕಂಪ್ಯೂಟರ್ ಬಿಚ್ಚುತ್ತಿದ್ದೆ. ಫ್ಲಾಪಿ, ಕ್ಯಾಸೆಟ್ ಆಮೇಲೆ. ಈಗ ಅದು ತಪ್ಪು ಅಂತ ಗಟ್ಟಿಯಾಗಿ ಹೇಳುತ್ತೇನೆ. ಬಿಬಿಸಿ ಮೈಕ್ರೊ 15 ಲಕ್ಷಕ್ಕೂ ಜಾಸ್ತಿ ಮಾರಾಟವಾದ ಯಂತ್ರ. ಇದು ಹಾಳಾದರೆ ಇನ್ನೊಂದು ಸಿಗುತ್ತದೆ. ಒಳಗಿನ ಬಿಡಿಭಾಗಗಳೂ ಹುಡುಕಿದರೆ ಸಿಗುತ್ತವೆ. ಆದರೆ ಮೇಷ್ಟ್ರ ಕೈಬರಹದ ಲೇಬಲ್ ಇರುವ ಆ ಫ್ಲಾಪಿ ಜಗತ್ತಿನಲ್ಲಿ ಒಂದೇ ಒಂದು. ಬೂಷ್ಟು ದಿನವೂ ಅದನ್ನು ತಿನ್ನುತ್ತಿರುತ್ತದೆ. ಆಟಗಳ ಫ್ಲಾಪಿಗೂ ಅವಸರ ಬೇಡ. ಪೆಟ್ಟಿಗೆಯಲ್ಲಿ ‘ಎಲೀಟ್’ ಇತ್ತು. 1984ರ ಆಟ, 32 ಕೆಬಿ ಮೆಮೊರಿಯಲ್ಲಿ ಎಂಟು ಗ್ಯಾಲಕ್ಸಿ, ಒಂದೊಂದರಲ್ಲೂ 256 ಗ್ರಹ. ಹುಡುಗನಾಗಿದ್ದಾಗ ಅದಕ್ಕಾಗಿ ಊಟ ಬಿಟ್ಟಿದ್ದೇನೆ. ಆದರೂ ಅದನ್ನು ಕೊನೆಗಿಟ್ಟೆ. ಅದರ ಪ್ರತಿ ಎಷ್ಟೋ ಜನರ ಹತ್ತಿರ ಭದ್ರವಾಗಿದೆ. ‘8ಬಿ ಮಕ್ಕಳು’, ‘ಮಗ್ಗಿ’, ‘ಅಂಕಪಟ್ಟಿ’ ಅಂತ ಬರೆದವುಗಳನ್ನು ಮುಂದಿಟ್ಟುಕೊಂಡೆ.

ಮೊದಲ ಫ್ಲಾಪಿಯಲ್ಲೇ ದೊಡ್ಡ ತಪ್ಪು ಮಾಡಿದೆ. ಕಂಡಿಯಲ್ಲಿ ಕಾಣುವ ಭಾಗ ಚೊಕ್ಕವಾಗಿತ್ತು. ಉಳಿದದ್ದೂ ಹಾಗೇ ಇರಬಹುದು ಅಂದುಕೊಂಡು, ತಿರುಗಿಸಿ ನೋಡದೆ ಡ್ರೈವಿಗೆ ಹಾಕಿಬಿಟ್ಟೆ. ಎರಡು ಸೆಕೆಂಡ್ ಆಗುವಷ್ಟರಲ್ಲಿ ಕೀಚಲು ಸದ್ದು. ಕಿತ್ತು ತೆಗೆದೆ. ತಟ್ಟೆಯ ಮೇಲೆ ಉಂಗುರದಂತೆ ಒಂದು ಗೆರೆ, ಆ ಗೆರೆಯಲ್ಲಿ ಕಂದು ಲೇಪನವೇ ಇಲ್ಲ. ಆಚೆ ಕಡೆ ಕಾಣಿಸುವಷ್ಟು ಬರೀ ಪ್ಲಾಸ್ಟಿಕ್. ಬೂಷ್ಟಿನ ಗಂಟು, ತಟ್ಟೆಯನ್ನು ಓದುವ ಹೆಡ್ಡಿಗೆ ಅಂಟಿಕೊಂಡು ಉಳಿಯಂತೆ ಕೆರೆದಿತ್ತು. ಆ ಫ್ಲಾಪಿಯ ಲೇಬಲ್ ಮೇಲೆ ‘8ಬಿ ಮಕ್ಕಳು’ ಅಂತಿತ್ತು. ಆ ದಿನ ಮತ್ತೆ ಕೆಲಸ ಮಾಡಲು ಮನಸ್ಸು ಬರಲಿಲ್ಲ.

ಮರುದಿನದಿಂದ ಮಾಡಿದ ಕ್ರಮ ಇದು. ಯಾರಾದರೂ ಇಂಥದ್ದಕ್ಕೆ ಕೈ ಹಾಕುವುದಿದ್ದರೆ ದಯವಿಟ್ಟು ಇಷ್ಟು ಮಾಡಿ.

ಫ್ಲಾಪಿಯ ಕವರಿನ ಮೇಲಂಚನ್ನು ಎರಡು ಮಿಲಿಮೀಟರಿನಷ್ಟು ಕತ್ತರಿಸಬೇಕು. ಕತ್ತರಿಸುವ ಮೊದಲು ಫ್ಲಾಪಿಯನ್ನು ಲಂಬವಾಗಿ ಹಿಡಿದು ಮೆಲ್ಲಗೆ ತಟ್ಟಿದರೆ ಒಳಗಿನ ತಟ್ಟೆ ಕೆಳಕ್ಕೆ ಜಾರುತ್ತದೆ, ಕತ್ತರಿಗೆ ಸಿಗುವುದಿಲ್ಲ. ಆಮೇಲೆ ತಟ್ಟೆಯನ್ನು ನಡುವಿನ ತೂತಿನ ಅಂಚಲ್ಲಿ ಹಿಡಿದು ಹೊರಗೆ ತೆಗೆಯಬೇಕು. ಮೇಲ್ಮೈಗೆ ಬೆರಳು ತಾಗಬಾರದು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ, ನಾರು ಬಿಡದ ಬಟ್ಟೆಯಿಂದ ಮೆತ್ತಗೆ ಒರೆಸಬೇಕು. ಕನ್ನಡಕ ಒರೆಸುವ ಬಟ್ಟೆ ಚೆನ್ನಾಗಿ ಆಗುತ್ತದೆ. ಮೊದಲು ಬೇಡವಾದ ಒಂದು ಫ್ಲಾಪಿಯ ಮೇಲೆ ಒರೆಸಿ ನೋಡಿ. ಬಟ್ಟೆಗೆ ಕಂದು ಬಣ್ಣ ಬಂದರೆ ಲೇಪನವೇ ಎದ್ದು ಬರುತ್ತಿದೆ ಅಂತ ಅರ್ಥ, ಅಲ್ಲಿಗೇ ನಿಲ್ಲಿಸಿ. ಬೂಷ್ಟು ಒಂದೇ ಸಲಕ್ಕೆ ಹೋಗುವುದಿಲ್ಲ. ಒರೆಸಿ, ಆರಲು ಬಿಟ್ಟು, ಟ್ಯೂಬ್‌ಲೈಟಿನ ಬೆಳಕಿಗೆ ಓರೆಯಾಗಿ ಹಿಡಿದರೆ ಮಬ್ಬು ಕಲೆ ಇನ್ನೂ ಕಾಣುತ್ತದೆ. ಮತ್ತೆ ಒರೆಸಿ. ನನಗೆ ಒಂದೊಂದಕ್ಕೂ ಮುಕ್ಕಾಲು ಗಂಟೆ ಹಿಡಿಯಿತು. ಮುಖಕ್ಕೆ ಮಾಸ್ಕ್ ಇರಲಿ, ಆ ಧೂಳು ಒಳ್ಳೆಯದಲ್ಲ.

ತೊಳೆದ ತಟ್ಟೆಯನ್ನು ಹಳೆಯ ಕವರಿಗೆ ವಾಪಸ್ ಹಾಕಬೇಡಿ. ಒಳಗಿನ ಅಸ್ತರಿನಲ್ಲಿ ಬೂಷ್ಟು ಕೂತಿರುತ್ತದೆ. ಬಳಸದ ಒಂದು ಖಾಲಿ ಫ್ಲಾಪಿಯನ್ನು ಇದೇ ಥರ ಬಿಡಿಸಿ, ಅದರ ಕವರ್ ಬಳಸಬೇಕು. ನಾನು 43ಕ್ಕೆ ಮೂರೇ ಕವರ್ ಇಟ್ಟುಕೊಂಡು, ಒಂದಾದ ಮೇಲೆ ಒಂದು ತಟ್ಟೆ ಹಾಕಿ ಓದಿಸಿದೆ. ಪ್ರತಿ ಫ್ಲಾಪಿ ಆದ ಮೇಲೂ ಡ್ರೈವಿನ ಹೆಡ್ಡನ್ನು ಹತ್ತಿಕಡ್ಡಿಯಿಂದ ಒರೆಸಿದೆ. ಒಂದನ್ನೂ ಬಿಡಲಿಲ್ಲ.

ಓದಿಸುವುದು ಹೇಗೆ? ಮಾಮೂಲಿ ಪಿಸಿಯಿಂದ ಕಷ್ಟ. ಬಿಬಿಸಿ ಮೈಕ್ರೊದ ಡಿಸ್ಕ್ ವ್ಯವಸ್ಥೆ ಎಫ್‌ಎಂ ಅನ್ನುವ ಹಳೇ ರೀತಿಯಲ್ಲಿ ಬರೆಯುತ್ತದೆ. ಪಿಸಿಯ ಫ್ಲಾಪಿ ಕಂಟ್ರೋಲರ್‌ಗಳಲ್ಲಿ ಬಹಳಷ್ಟಕ್ಕೆ ಅದು ಓದಲು ಬರುವುದಿಲ್ಲ. ಅದಕ್ಕೆ ನಾನು ಗ್ರೀಸ್‌ವೀಜಲ್ ಬಳಸುತ್ತೇನೆ. ಅಂಗೈಗಿಂತ ಚಿಕ್ಕ ಬೋರ್ಡ್, ಒಂದು ಕಡೆ ಯುಎಸ್‌ಬಿ, ಇನ್ನೊಂದು ಕಡೆ ಫ್ಲಾಪಿ ಕೇಬಲ್. ಅದು ಅಕ್ಷರಗಳನ್ನು ಓದಲು ಹೋಗುವುದೇ ಇಲ್ಲ. ತಟ್ಟೆಯ ಮೇಲೆ ಅಯಸ್ಕಾಂತದ ದಿಕ್ಕು ಎಲ್ಲೆಲ್ಲಿ ಬದಲಾಗುತ್ತದೆ ಅನ್ನುವುದನ್ನು ಸಮಯದ ಲೆಕ್ಕದಲ್ಲಿ ಬರೆದುಕೊಳ್ಳುತ್ತದೆ. ಅರ್ಥ ಮಾಡಿಕೊಳ್ಳುವ ಕೆಲಸ ಆಮೇಲೆ ಸಾಫ್ಟ್‌ವೇರಿನದು. ಡ್ರೈವ್ ಮಾತ್ರ ಮೇಷ್ಟ್ರದೇ. ಬರೆದ ಡ್ರೈವಿನಲ್ಲೇ ಓದಿಸಿದರೆ ಹೆಡ್ಡು ಅದೇ ಗೆರೆಯ ಮೇಲೆ ಕೂರುತ್ತದೆ.

ಫ್ಲಾಪಿಯ ಒಂದು ಬದಿಗೆ 40 ಟ್ರ್ಯಾಕ್ ಅನ್ನುವ ಉಂಗುರಗಳು, ಟ್ರ್ಯಾಕಿಗೆ 10 ಸೆಕ್ಟರ್ ಅನ್ನುವ ತುಂಡುಗಳು, ಸೆಕ್ಟರಿಗೆ 256 ಬೈಟ್. ಒಟ್ಟು 100 ಕೆಬಿ. ಇವತ್ತು ಫೋನಿನಲ್ಲಿ ತೆಗೆದ ಒಂದು ಫೋಟೊ ಇದರಲ್ಲಿ ಹಿಡಿಯುವುದಿಲ್ಲ. ಅಂದ ಹಾಗೆ, ಲೇಬಲ್‌ಗಳ ಫೋಟೊ ತೆಗೆದ ನನ್ನ ಫೋನಿಗೂ ಈ ಯಂತ್ರಕ್ಕೂ ನಂಟಿದೆ. ಬಿಬಿಸಿ ಮೈಕ್ರೊ ರೂಪಿಸಿದ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಅವರೇ ಮುಂದೆ 1985ರಲ್ಲಿ, ಇವತ್ತಿನ ಹೆಚ್ಚಿನ ಫೋನುಗಳ ಚಿಪ್ಪಿಗೆ ಮೂಲವಾದ ಮೊದಲ ಆರ್ಮ್ ಚಿಪ್ ತಂದರು. ಆ ಚಿಪ್ಪಿನ ನಡೆಯನ್ನು ವಿಲ್ಸನ್ ಮೊದಲು ಪರೀಕ್ಷಿಸಿದ್ದು ಈ ಯಂತ್ರದ ಪ್ರೋಗ್ರಾಮಿಂಗ್ ಭಾಷೆಯಾದ ಬಿಬಿಸಿ ಬೇಸಿಕ್‌ನಲ್ಲೇ ಬರೆದ ಪ್ರೋಗ್ರಾಮಿನಿಂದ. ಇವತ್ತು ಬೆಂಗಳೂರಿನಲ್ಲೂ ಆರ್ಮ್ ಕಂಪನಿಯ ದೊಡ್ಡ ಕಚೇರಿ ಇದೆ. ನಾವು ಚಪ್ಪಲಿ ಬಿಟ್ಟು ಕೂತಿದ್ದ ಕಂಪ್ಯೂಟರಿನ ವಂಶ ಅದು.

ಆರು ವಾರಾಂತ್ಯ ಹಿಡಿಯಿತು. 29 ಫ್ಲಾಪಿ ಪೂರ್ತಿ ಬಂದವು, ಎಂಟು ಅರ್ಧಂಬರ್ಧ, ಆರು ಹೋದವು.

‘ಮಗ್ಗಿ’ ಪೂರ್ತಿ ಬಂದಿತ್ತು. ಮೊದಲು ಲ್ಯಾಪ್‌ಟಾಪಿನಲ್ಲಿ, ಹಳೆಯ ಯಂತ್ರದಂತೆ ನಡೆಯುವ ಎಮ್ಯುಲೇಟರ್ ಅನ್ನುವ ಸಾಫ್ಟ್‌ವೇರಿನಲ್ಲಿ, ಪ್ರೋಗ್ರಾಮಿನ ಸಾಲುಗಳ ಪಟ್ಟಿ ತೆಗೆದು ನೋಡಿದೆ. ಶುರುವಿನಲ್ಲೇ ಹತ್ತು ಸಾಲು, ಎಲ್ಲವೂ ವಿಡಿಯು 23 ಅನ್ನುವ ಆದೇಶ. ನಮಗೆ ಬೇಕಾದ ಆಕಾರದ ಅಕ್ಷರ ಮಾಡಿಕೊಳ್ಳಲು ಈ ಯಂತ್ರದಲ್ಲಿ ಇರುವ ದಾರಿ ಅದು. ಎಂಟಕ್ಕೆ ಎಂಟು ಚೌಕ, ಒಂದೊಂದು ಸಾಲಿಗೆ ಒಂದು ಸಂಖ್ಯೆ. ಮೊದಲ ಸಾಲು ಹೀಗಿತ್ತು: 224, ಆಮೇಲೆ 60, 66, 129, 129, 129, 129, 66, 60. ಲೆಕ್ಕದ ಪುಸ್ತಕದ ಚೌಕದಲ್ಲಿ ಚುಕ್ಕಿ ಇಟ್ಟು ನೋಡಿದೆ. 60 ಅಂದರೆ ನಡುವೆ ನಾಲ್ಕು ಚುಕ್ಕಿ. 66 ಅಂದರೆ ಆಚೆ ಈಚೆ ಒಂದೊಂದು. 129 ಅಂದರೆ ಎರಡು ತುದಿಯಲ್ಲಿ. ದುಂಡನೆಯ ಸೊನ್ನೆ. ಮುಂದಿನ ಸಾಲು 225. ಏಳು ಸಂಖ್ಯೆ ಅವೇ, ಕೊನೆಯದು ಮಾತ್ರ 60ರ ಬದಲು 36. ಕೆಳಗಿನ ಸಾಲಿನ ನಡುವಿನ ಎರಡು ಚುಕ್ಕಿ ಇಲ್ಲ. ಬುಡ ತೆರೆದ ಸೊನ್ನೆ ಅಂದರೆ ಏನು? ಕನ್ನಡದ ೧!

ನಾನು ಎದ್ದು ಹೋಗಿ ನೀರು ಕುಡಿದು ಬಂದೆ. 1987ರಲ್ಲಿ, ವಾರಕ್ಕೆ ಕೆಲವೇ ಗಂಟೆ ಕರೆಂಟ್ ಸಿಗುವ ಲ್ಯಾಬಿನಲ್ಲಿ, ನಮ್ಮ ಮೇಷ್ಟ್ರು ಕನ್ನಡ ಅಂಕಿ ಬರೆದಿದ್ದರು. ೦ಯಿಂದ ೯ರವರೆಗೆ, 224ರಿಂದ 233. 224ಕ್ಕೆ ಅಂಕಿ ಕೂಡಿಸಿದರೆ ಅದರ ಕನ್ನಡ ರೂಪ. ಪರದೆಗೆ ಮೋಡ್ 5 ಇಟ್ಟಿದ್ದರು. ಸಾಲಿಗೆ 20 ಅಕ್ಷರ ಮಾತ್ರ, ಆದರೆ ದಪ್ಪ. ಹಿಂದಿನ ಬೆಂಚಿಗೂ ಕಾಣಬೇಕಲ್ವಾ. ಅಕ್ಷರಮಾಲೆಗೆ ಕೈ ಹಾಕಿರಲಿಲ್ಲ. ಹೀಗೆ ಮಾಡಿಕೊಳ್ಳಲು ಮಾಮೂಲಿಯಾಗಿ ಸಿಗುವ ಜಾಗ 32 ಅಕ್ಷರಕ್ಕೆ ಮಾತ್ರ. ಎಂಟು ಚುಕ್ಕಿಯ ಎತ್ತರದಲ್ಲಿ ಒತ್ತಕ್ಷರ ಕೂರುವುದೂ ಇಲ್ಲ. ಹಾಗಾಗಿ ‘ಎಂಟೆಂಟ್ಲ’ ಇಂಗ್ಲಿಷ್ ಅಕ್ಷರದಲ್ಲಿ, ‘೬೪’ ಕನ್ನಡದಲ್ಲಿ.

ಒಂದು ಕಡೆ ಮಾತ್ರ ಸಿಕ್ಕು. ೬ ಮತ್ತು ೯ ಪರದೆಯಲ್ಲಿ ಒಂದೇ ಥರ ಕಾಣುತ್ತಿದ್ದವು. ಎರಡು ಸಾಲಿನ ಎಂಟು ಸಂಖ್ಯೆಗಳಲ್ಲಿ ಏಳು ಅವೇ. ಓದುವಾಗ ತಪ್ಪಾಗಿದೆ ಅಂದುಕೊಂಡು ತಟ್ಟೆಯನ್ನು ಇನ್ನೊಮ್ಮೆ ತೊಳೆದು ಓದಿಸಿದೆ. ಅದೇ ಬಂತು. ಸೆಕ್ಟರ್ ಜೊತೆ ಸಿಆರ್‌ಸಿ ಅನ್ನುವ ತಾಳೆಯ ಸಂಖ್ಯೆ ಬರೆದಿರುತ್ತದೆ, ಅದೂ ಸರಿಯಾಗಿ ಹೊಂದುತ್ತಿತ್ತು. ಹಾಗೇ ಬಿಟ್ಟೆ.

ಕಂಪ್ಯೂಟರ್ ಸರಿಮಾಡಿದ್ದು ಆಮೇಲೆ. ಕೆಳಗೆ ಎರಡು, ಹಿಂದೆ ಎರಡು ಸ್ಕ್ರೂ ಬಿಚ್ಚಿದರೆ ಮೇಲಿನ ಕವಚ ಬರುತ್ತದೆ. ಯಾವ ಸ್ಕ್ರೂ ಅಂತ ಪಕ್ಕದಲ್ಲೇ ‘ಫಿಕ್ಸ್’ ಅಂತ ಬರೆದಿದೆ. ಈ ವಯಸ್ಸಿನ ಯಂತ್ರವನ್ನು ಸುಮ್ನೆ ಪ್ಲಗ್ಗಿಗೆ ಹಾಕಬೇಡಿ. ಪವರ್ ಸಪ್ಲೈನಲ್ಲಿ ಮೇನ್ಸ್ ಪಕ್ಕ, ವಿದ್ಯುತ್ತನ್ನು ಹಿಡಿದಿಡುವ ಎರಡು ಕೆಪಾಸಿಟರ್ ಇರುತ್ತವೆ, ಒಳಗೆ ಕಾಗದದ ಸುರುಳಿ. ಮೇಲಿನ ಪ್ಲಾಸ್ಟಿಕ್ ಬಿರುಕು ಬಿಟ್ಟು ತೇವ ಎಳೆದುಕೊಂಡಿರುತ್ತವೆ. ಕರೆಂಟ್ ಕೊಟ್ಟರೆ ಕೆಲ ನಿಮಿಷಕ್ಕೆ ಪಟ್ ಅಂತ ಒಡೆದು ಮನೆ ತುಂಬ ಗಬ್ಬು ಹೊಗೆ. ಎಸ್‌.ಪಿ. ರೋಡಿನಲ್ಲಿ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ) ಮೇನ್ಸ್‌ಗೆಂದೇ ಮಾಡಿದ ಎಕ್ಸ್2 ದರ್ಜೆಯ ಹೊಸವು ತಂದು ಹಾಕಿದೆ. ಮುಟ್ಟುವ ಮೊದಲು ದೊಡ್ಡ ಕೆಪಾಸಿಟರಿನಲ್ಲಿ ವೋಲ್ಟೇಜ್ ಉಳಿದಿದೆಯೇ ಅಂತ ಮೀಟರ್ ಹಿಡಿದು ನೋಡಲೇಬೇಕು. ಅದರಲ್ಲಿ 300 ವೋಲ್ಟ್‌ಗೂ ಜಾಸ್ತಿ ಇರಬಹುದು.

ಸ್ವಿಚ್ ಹಾಕಿದಾಗ ಒಂದೇ ಸಮನೆ ‘ಭೂಂ’ ಅಂತ ಸದ್ದು. ಸರಿಯಾಗಿದ್ದರೆ ಗಡುಸಾಗಿ ಶುರುವಾಗಿ ಕೂಡಲೇ ‘ಬೀಪ್’ ಅಂತ ಮುಗಿಯಬೇಕು. ಸದ್ದು ನಿಲ್ಲುತ್ತಿಲ್ಲ ಅಂದರೆ ಅದನ್ನು ನಿಲ್ಲಿಸಬೇಕಾದ ಪ್ರೊಸೆಸರ್ ಕೆಲಸವನ್ನೇ ಶುರುಮಾಡಿಲ್ಲ. ಇದರಲ್ಲಿ ತುಂಬ ಐಸಿಗಳು ಸಾಕೆಟ್ಟಿನಲ್ಲಿವೆ. ಒಂದೊಂದೇ ಎತ್ತಿ ನೋಡಿದೆ. ಆಪರೇಟಿಂಗ್ ಸಿಸ್ಟಮ್ ಇರುವ ರೋಮ್ ಚಿಪ್ಪಿನ ಕಾಲುಗಳು ಕಪ್ಪಗಾಗಿದ್ದವು. ಇಂಕ್ ಅಳಿಸುವ ರಬ್ಬರಿನಿಂದ ಉಜ್ಜಿ, ಸಾಕೆಟ್ಟಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಕೂರಿಸಿದೆ. ಭೂಂ, ಬೀಪ್. ಸಿಸಿಟಿವಿ ಅಂಗಡಿಯಲ್ಲಿ ಸಿಗುವ ಬಿಎನ್‌ಸಿ ಪಿನ್ನಿನಿಂದ ಟಿವಿಯ ಎವಿಗೆ ಕೊಟ್ಟಿದ್ದೆ. ಕಪ್ಪು ಪರದೆಯ ಮೇಲೆ ‘ಬಿಬಿಸಿ ಕಂಪ್ಯೂಟರ್ 32ಕೆ’ ಅಂತ ಬಂತು.

ದಸರೆ ರಜೆಯಲ್ಲಿ ಎಲ್ಲವನ್ನೂ ಕಾರಿಗೆ ಹಾಕಿಕೊಂಡು ತೀರ್ಥಹಳ್ಳಿಗೆ ಹೋದೆ. ಹೊಸ ಫ್ಲಾಪಿಯಲ್ಲಿ ‘ಮಗ್ಗಿ’ ಬರೆದು ಒಯ್ದಿದ್ದೆ. ಜಗಲಿಯಲ್ಲಿ ಟಿವಿ ಇಟ್ಟೆವು. ಮೇಷ್ಟ್ರು ಕನ್ನಡಕ ಹಾಕಿಕೊಂಡು, ಏನೂ ಮಾತಾಡದೆ ಆರರ ಮಗ್ಗಿ ಕೇಳಿದರು. ಪರದೆ ನೋಡಿದ ತಕ್ಷಣ, “ಈ ಆರು ಸರಿ ಇಲ್ಲ” ಅಂದರು.

“ಸರ್, ಫ್ಲಾಪಿ ಹಾಳಾಗಿರಬಹುದು ಅಂತ ಎರಡು ಸಲ ಓದಿಸಿದೆ.”

“ಫ್ಲಾಪಿದಲ್ಲ ಮಾರಾಯ, ನಂದೇ ತಪ್ಪು. ಬಾಲಕ್ಕೆ ಜಾಗ ಸಾಲ್ಲಿಲ್ಲ. ಮಕ್ಕಳು ಆರನ್ನ ಒಂಬತ್ತು ಅಂತ ಓದ್ತಿದ್ರು. ಸರಿ ಮಾಡಬೇಕು ಅಂತಿದ್ದೆ, ಅಷ್ಟರಲ್ಲಿ ನನಗೆ ವರ್ಗ ಆಯ್ತು. ಚೌಕದ ಹಾಳೆ ಇದೆಯಾ?”

ಮೊಮ್ಮಗಳು ತನ್ನ ಲೆಕ್ಕದ ಪುಸ್ತಕದಿಂದ ಒಂದು ಹಾಳೆ ಹರಿದು ಕೊಟ್ಟಳು. ಮೇಷ್ಟ್ರು ಪೆನ್ಸಿಲಿನಲ್ಲಿ ಎಂಟಕ್ಕೆ ಎಂಟು ಚೌಕ ಹಾಕಿದರು. ೬ರ ಹೊಟ್ಟೆಯನ್ನು ಒಂದು ಸಾಲು ಮೇಲಕ್ಕೆ ಎತ್ತಿದರು. ಕೆಳಗೆ ಬಾಲಕ್ಕೆ ಎರಡು ಸಾಲು ಸಿಕ್ಕಿತು. ಪಕ್ಕದಲ್ಲಿ 128, 64, 32 ಅಂತ ಬರೆದುಕೊಂಡು ಕೂಡಿಸಿದರು. ಆಮೇಲೆ ಆ ಸಾಲನ್ನು ಪರದೆಗೆ ತಂದು, ಬಾಣದ ಕೀ ಒತ್ತಿ ಮೇಲೆ ಹೋಗಿ, ಕಾಪಿ ಕೀ ಒತ್ತಿ ಹಿಡಿದರು. ಹಳೆಯ ಸಾಲಿನ ಅಕ್ಷರಗಳು ಕೆಳಗೆ ಒಂದೊಂದಾಗಿ ಮೂಡಿದವು. ಬದಲಾಯಿಸಬೇಕಾದ ಸಂಖ್ಯೆ ಬಂದಲ್ಲಿ ಬೆರಳು ತಾನಾಗೇ ನಿಂತಿತು. ಹೊಸ ಸಂಖ್ಯೆ ಹೊಡೆದರು. ಕಾಪಿ ಕೀ ಎಲ್ಲಿದೆ ಅಂತ ಒಮ್ಮೆಯೂ ಕೀಬೋರ್ಡ್ ನೋಡಲಿಲ್ಲ.

ಮತ್ತೆ ಓಡಿಸಿದರು. ಮೊಮ್ಮಗಳನ್ನು ಕರೆದು, “ಇದೆಷ್ಟು ಪುಟ್ಟಿ?” ಅಂದರು.

“ಆರು,” ಅಂದಳು.

ಹಳೆಯದನ್ನು ಅಳಿಸಬೇಡಿ ಸರ್ ಅಂತ ನಾನು ಹೇಳುವ ಮೊದಲೇ ಅವರು ‘ಮಗ್ಗಿ2’ ಅಂತ ಹೆಸರು ಕೊಟ್ಟು ಸೇವ್ ಹೊಡೆದಿದ್ದರು. ಡ್ರೈವಿನ ಕೆಂಪು ದೀಪ ಹತ್ತಿ, ಗರಗರ ತಿರುಗಿ, ಆರಿತು.