ಮನೆಯಲ್ಲೇ ಸೋಪ್: ಕಾಸ್ಟಿಕ್ ಸೋಡಾ ದೊಡ್ಡವರಿಗೆ, ಹೂವಿನ ಅಚ್ಚು ಮಕ್ಕಳಿಗೆ

ರಜೆ ಶುರುವಾದರೆ ಸಾಕು, ಮನೆಯಲ್ಲೇ ಸೋಪ್ ಮಾಡುವ ವಿಡಿಯೊಗಳು ಮೊಬೈಲ್ ತುಂಬ ಓಡಾಡುತ್ತವೆ. ಅವುಗಳಲ್ಲಿ ಒಂದು ದೃಶ್ಯ ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ. ಅಡುಗೆಮನೆ ಕಟ್ಟೆಯ ಮೇಲೆ ಕಾಸ್ಟಿಕ್ ಸೋಡಾ ಕರಗುತ್ತಿರುತ್ತದೆ, ಪಕ್ಕದಲ್ಲೇ ಸ್ಟೂಲ್ ಹತ್ತಿ ನಿಂತ ಮಗು ಪಾತ್ರೆಯೊಳಗೆ ಇಣುಕುತ್ತಿರುತ್ತದೆ. ಅದನ್ನು ನೋಡಿ ಹಾಗೇ ಮಾಡಲು ಹೊರಟ ನೆಂಟರು, ಅಕ್ಕಪಕ್ಕದವರು ಸಾಕಷ್ಟು ಜನ. ಅದಕ್ಕೇ ಈ ಬರಹ.

ಸೋಪ್ ಮಾಡುವುದು ಕಷ್ಟವೇನಲ್ಲ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇದನ್ನು ಎರಡು ಬೇರೆ ಬೇರೆ ಕೆಲಸ ಎಂದುಕೊಂಡರೆ ಆಯಿತು. ಎಣ್ಣೆಗೆ ಕಾಸ್ಟಿಕ್ ಸೋಡಾ ಬೆರೆಸಿ ಮಾಡುವ ಸೋಪ್ ಪೂರ್ತಿ ದೊಡ್ಡವರದು. ಅಂಗಡಿಯಲ್ಲಿ ಸಿಗುವ ಸೋಪ್ ಬೇಸ್ (ಕರಗಿಸಿ ಅಚ್ಚಿಗೆ ಹೊಯ್ಯಲು ಸಿದ್ಧವಿರುವ ಸೋಪ್ ಗಟ್ಟಿ) ಬಳಸಿ ಮಾಡುವ ಸೋಪ್ ಮಕ್ಕಳದು, ಅದರಲ್ಲೂ ಬಿಸಿ ಕೆಲಸ ಮಾತ್ರ ನಿಮ್ಮದು. ಎರಡನ್ನೂ ಒಂದೇ ದಿನ, ಒಂದೇ ಕಟ್ಟೆಯ ಮೇಲೆ ಇಟ್ಟುಕೊಳ್ಳಬೇಡಿ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. "ಕೆಮಿಕಲ್ ಇಲ್ಲದ ಸೋಪ್" ಅನ್ನುವುದು ಸುಳ್ಳು. ಎಣ್ಣೆ ಸೋಪ್ ಆಗಬೇಕಾದರೆ ಕ್ಷಾರ ಬೇಕೇ ಬೇಕು. ಗಟ್ಟಿ ಸೋಪಿಗೆ ಅದು ಕಾಸ್ಟಿಕ್ ಸೋಡಾ. ಲೆಕ್ಕ ಸರಿಯಿದ್ದರೆ ಅದು ಎಣ್ಣೆಯ ಜೊತೆ ಸೇರಿ ಸೋಪ್ ಮತ್ತು ಗ್ಲಿಸರಿನ್ ಆಗುತ್ತದೆ, ಕೊನೆಗೆ ಕಾಸ್ಟಿಕ್ ಉಳಿಯುವುದಿಲ್ಲ. ಲೆಕ್ಕ ತಪ್ಪಿದರೆ ಉಳಿಯುತ್ತದೆ, ಮೈ ಸುಡುತ್ತದೆ.

ಸಾಮಾನು ಮತ್ತು ಅಳತೆ

ಕೊಬ್ಬರಿ ಎಣ್ಣೆ 300 ಗ್ರಾಂ, ಅಕ್ಕಿ ತೌಡಿನ ಎಣ್ಣೆ (ಇಲ್ಲವೇ ಎಳ್ಳೆಣ್ಣೆ, ಕಡಲೆಕಾಯಿ ಎಣ್ಣೆ) 150 ಗ್ರಾಂ, ಹರಳೆಣ್ಣೆ 50 ಗ್ರಾಂ, ಕಾಸ್ಟಿಕ್ ಸೋಡಾ 75 ಗ್ರಾಂ, ನೀರು 150 ಗ್ರಾಂ. ಕೊಬ್ಬರಿ ಎಣ್ಣೆಯಿಂದ ನೊರೆ ಮತ್ತು ಗಟ್ಟಿತನ ಬರುತ್ತದೆ. ಅದೊಂದೇ ಹಾಕಿದರೆ ಮೈ ಒಣಗುತ್ತದೆ, ಅದಕ್ಕೇ ಎರಡನೇ ಎಣ್ಣೆ. ಹರಳೆಣ್ಣೆ ನೊರೆಯನ್ನು ಹಿಡಿದು ನಿಲ್ಲಿಸುತ್ತದೆ.

ಎಲ್ಲವನ್ನೂ ತೂಕ ಮಾಡಿ. ನೀರನ್ನೂ. ಹೆಚ್ಚಿನವರು ಎಡವುವುದು ಇಲ್ಲೇ. 500 ಮಿಲಿ ಎಣ್ಣೆ ಅಂದರೆ 500 ಗ್ರಾಂ ಅಲ್ಲ, ಸುಮಾರು 460 ಗ್ರಾಂ. ಮೇಲಿನ ಲೆಕ್ಕದಲ್ಲಿ ಎಣ್ಣೆಯ ಶೇ 7ರಿಂದ 8ರಷ್ಟು ಭಾಗ ಸೋಪ್ ಆಗದೆ ಹಾಗೇ ಉಳಿಯುವಂತೆ ಬೇಕೆಂದೇ ಬಿಟ್ಟಿದ್ದೇನೆ. ಚರ್ಮಕ್ಕೆ ರಕ್ಷಣೆ ಅದೇ. ನೀವು ಎಣ್ಣೆಯನ್ನು ಅಳತೆ ಲೋಟದಲ್ಲಿ ಅಳೆದರೆ ಆ ಉಳಿಕೆ ಪೂರ್ತಿ ಮಾಯ. 1 ಗ್ರಾಂ ವ್ಯತ್ಯಾಸ ತೋರಿಸುವ ಡಿಜಿಟಲ್ ತಕ್ಕಡಿ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಎಣ್ಣೆಯನ್ನೂ ಮನಸ್ಸಿಗೆ ಬಂದಂತೆ ಬದಲಿಸಬೇಡಿ. ಒಂದೊಂದು ಎಣ್ಣೆಗೆ ಒಂದೊಂದು ಲೆಕ್ಕ. 500 ಗ್ರಾಂ ಕೊಬ್ಬರಿ ಎಣ್ಣೆಯನ್ನು ಪೂರ್ತಿ ಸೋಪ್ ಮಾಡಲು ಸುಮಾರು 91 ಗ್ರಾಂ ಕಾಸ್ಟಿಕ್ ಬೇಕು, ಅಷ್ಟೇ ಎಳ್ಳೆಣ್ಣೆಗೆ 67 ಸಾಕು. "ಮನೆಯಲ್ಲಿ ಎಳ್ಳೆಣ್ಣೆ ಇತ್ತು, ಪೂರ್ತಿ ಅದನ್ನೇ ಹಾಕಿದೆ" ಎಂದರೆ 8 ಗ್ರಾಂ ಕಾಸ್ಟಿಕ್ ಸೋಪಿನಲ್ಲೇ ಕೂತಿರುತ್ತದೆ. ಬದಲಿಸಲೇಬೇಕಿದ್ದರೆ ಇಂಟರ್‌ನೆಟ್ಟಿನಲ್ಲಿ ಸೋಪ್ ಕ್ಯಾಲ್ಕುಲೇಟರ್‌ಗಳಿವೆ, ಅಲ್ಲಿ ಹಾಕಿ ನೋಡಿ.

ಕಾಸ್ಟಿಕ್ ಸೋಡಾ ಎಂದು ಚರಂಡಿ, ಸಿಂಕ್ ಪೈಪು ಬಿಡಿಸಲು ಮಾರುವ ಪುಡಿ ಖಂಡಿತ ಬೇಡ. ಅದರಲ್ಲಿ ಬೇರೆ ಏನೇನೋ ಸೇರಿರುತ್ತದೆ, ಕೆಲವದರಲ್ಲಿ ಅಲ್ಯೂಮಿನಿಯಂ ಚೂರೂ ಇರುತ್ತದೆ. ಪ್ಯಾಕೆಟ್ ಮೇಲೆ ಸೋಡಿಯಂ ಹೈಡ್ರಾಕ್ಸೈಡ್ (ಕಾಸ್ಟಿಕ್ ಸೋಡಾದ ರಾಸಾಯನಿಕ ಹೆಸರು) ಎಂದೂ, ಎಷ್ಟು ಶುದ್ಧ ಎಂದೂ ಬರೆದಿರಬೇಕು. ಶೇ 98ರಷ್ಟಿದ್ದರೆ ಸಾಕು.

ಪಾತ್ರೆ ಸ್ಟೀಲಿನದೇ ಆಗಬೇಕು. ಅಲ್ಯೂಮಿನಿಯಂಗೆ ಕಾಸ್ಟಿಕ್ ತಾಗಿದರೆ ಪಾತ್ರೆ ಕೊರೆದು ಹೈಡ್ರೋಜನ್ ಅನಿಲ ಏಳುತ್ತದೆ. ಹಳೆಯ ಬೋಗುಣಿ, ಅಟ್ಟದ ಮೇಲಿನ ಇಡ್ಲಿ ತಟ್ಟೆ, ಫಾಯಿಲ್ ಡಬ್ಬಿ ಎಲ್ಲ ಇದೇ ಜಾತಿಗೆ ಸೇರಿದವು. ಗಾಜು ಬಿಸಿಗೆ ಸೀಳಬಹುದು. ಈ ಕೆಲಸಕ್ಕೆ ಒಂದು ಸ್ಟೀಲ್ ಪಾತ್ರೆ, ಒಂದು ಸೌಟು ಬೇರೆ ಇಟ್ಟುಬಿಡಿ, ಅಡುಗೆಗೆ ಮತ್ತೆ ತರಬೇಡಿ.

ಕಾಸ್ಟಿಕ್ ಕರಗಿಸುವುದು

ಉಳಿದಿದ್ದೆಲ್ಲ ಓದದಿದ್ದರೂ ಪರವಾಗಿಲ್ಲ, ಇದನ್ನು ಎರಡು ಸಲ ಓದಿ.

ಮೊದಲು ಮಕ್ಕಳ ವ್ಯವಸ್ಥೆ. ಮಗು ಮಲಗಿದೆ ಎಂದು ಶುರು ಮಾಡುವವರಿದ್ದಾರೆ. ಮಗು ಯಾವಾಗ ಏಳುತ್ತದೆ ಎಂದು ಯಾರಿಗೆ ಗೊತ್ತು? ಎದ್ದ ಮಗು ನೇರ ಅಮ್ಮ ಇರುವಲ್ಲಿಗೇ ಬರುತ್ತದೆ. ಟಿವಿ ಹಾಕಿ ಕೂರಿಸುವುದೂ ಲೆಕ್ಕಕ್ಕಿಲ್ಲ. ಇನ್ನೊಬ್ಬ ದೊಡ್ಡವರು ಮಗುವನ್ನು ಮನೆಯಿಂದ ಹೊರಗೆ ಕರೆದುಕೊಂಡು ಹೋಗಿರಬೇಕು. ಪಾರ್ಕಿಗೋ, ಅಜ್ಜಿ ಮನೆಗೋ. ಕನಿಷ್ಠ ಎರಡು ಗಂಟೆ. ಅದು ಆಗದ ದಿನ ಸೋಪ್ ಬೇಡ.

ಜಾಗಕ್ಕೆ ಬಾಗಿಲು, ಚಿಲಕ, ಕಿಟಕಿ ಮೂರೂ ಬೇಕು. ಫ್ಲ್ಯಾಟಿನಲ್ಲಿದ್ದರೆ ಯುಟಿಲಿಟಿ ಒಳ್ಳೆಯದು, ನಲ್ಲಿಯೂ ಹತ್ತಿರ ಇರುತ್ತದೆ. ರಬ್ಬರ್ ಗ್ಲೌಸ್, ಉದ್ದ ತೋಳಿನ ಅಂಗಿ, ಕಾಲು ಮುಚ್ಚುವ ಚಪ್ಪಲಿ, ಕಣ್ಣಿನ ಸುತ್ತ ಕೂರುವ ಗಾಗಲ್ಸ್ ಹಾಕಿಕೊಳ್ಳಿ. ಓದುವ ಕನ್ನಡಕ ಸಾಲದು, ಪಕ್ಕದಿಂದ ಹನಿ ಸಿಡಿಯುತ್ತದೆ.

150 ಗ್ರಾಂ ತಣ್ಣೀರನ್ನು ಸ್ಟೀಲ್ ಪಾತ್ರೆಗೆ ಹಾಕಿ. ಪಾತ್ರೆ ಆಳವಾಗಿರಲಿ. ಕಾಸ್ಟಿಕ್ ಅನ್ನು ಒಣಗಿದ ಪ್ಲಾಸ್ಟಿಕ್ ಬಟ್ಟಲಿನಲ್ಲಿ ತೂಗಿ. ತೂಗಿದ ತಕ್ಷಣ ಡಬ್ಬದ ಮುಚ್ಚಳ ಬಿಗಿ ಮಾಡಿ, ಏಕೆಂದರೆ ಇದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಕಟ್ಟೆಯ ಮೇಲೆ ಒಂದು ಚೂರು ಬಿದ್ದರೆ ಸ್ವಲ್ಪ ಹೊತ್ತಿಗೆ ಅದೇ ನೀರೊಡೆದು ಒಂದು ಹನಿಯಾಗಿ ನಿಲ್ಲುತ್ತದೆ. ನೋಡಿದವರಿಗೆ ಅದು ಸುಮ್ನೆ ನೀರಿನ ಹನಿ. ಸಂಜೆ ಮಗು ಅದರ ಮೇಲೆ ಕೈಯಿಟ್ಟು ಕಣ್ಣುಜ್ಜಿದರೆ ಏನಾಗುತ್ತದೆ ಎಂದು ನಾನು ಹೇಳಬೇಕಿಲ್ಲ. ಹಳೆ ಪೇಪರ್ ಹಾಸಿ ತೂಗಿ, ಮುಗಿದ ಮೇಲೆ ಗ್ಲೌಸ್ ಬಿಚ್ಚುವ ಮೊದಲೇ ಕಟ್ಟೆ, ನೆಲ, ತಕ್ಕಡಿ ಮೂರನ್ನೂ ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಿ.

ಈಗ ನೀರಿಗೆ ಕಾಸ್ಟಿಕ್ ಹಾಕಿ. ಕಾಸ್ಟಿಕ್‌ಗೆ ನೀರು ಹೊಯ್ಯಬೇಡಿ. ತಿರುಗುಮುರುಗಾದರೆ ಕುದಿದು ಮೇಲಕ್ಕೆ ಚಿಮ್ಮುತ್ತದೆ. ಸ್ವಲ್ಪ ಸ್ವಲ್ಪ ಉದುರಿಸುತ್ತಾ ನಿಧಾನ ಕಲಕಿ. ಒಲೆ ಹೊತ್ತಿಸದೆಯೇ ನೀರು 80 ಡಿಗ್ರಿ ದಾಟುವಷ್ಟು ಕಾಯುತ್ತದೆ. ಏಳುವ ಹೊಗೆ ಗಂಟಲು ಹಿಡಿಯುತ್ತದೆ, ಮುಖ ದೂರವಿಡಿ. ಬೇಗ ಕರಗಲಿ ಎಂದು ಬಿಸಿನೀರು ಬಳಸುವ ಉಪಾಯವನ್ನು ಯಾರಾದರೂ ಹೇಳಿದರೆ ಅವರ ಉಳಿದ ಉಪಾಯಗಳನ್ನೂ ನಂಬಬೇಡಿ.

ಒಂದೆರಡು ನಿಮಿಷದಲ್ಲಿ ಮೋಡ ಕವಿದಂತಿದ್ದ ನೀರು ತಿಳಿಯಾಗುತ್ತದೆ. ನಿಜವಾದ ಅಪಾಯದ ಹೊತ್ತು ಇದೇ. ಆರಲು ಇಟ್ಟ ಈ ದ್ರಾವಣಕ್ಕೂ ಕುಡಿಯುವ ನೀರಿಗೂ ನೋಡಲು ವ್ಯತ್ಯಾಸವೇ ಇಲ್ಲ. ವಾಸನೆಯೂ ಇಲ್ಲ. ಲೋಟದಲ್ಲಿ, ಬಾಟಲಿಯಲ್ಲಿ, ಅಡುಗೆಮನೆಯಲ್ಲಿ ಇಡಬೇಡಿ. ಮುಚ್ಚಳ ಮುಚ್ಚಿ, ಅದರ ಮೇಲೆ "ವಿಷ" ಎಂದು ಬರೆದ ಚೀಟಿ ಅಂಟಿಸಿ, ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿ ಕೂರಿಸಿ. ಬೇಗ ಆರುತ್ತದೆ. ಅಷ್ಟು ಹೊತ್ತೂ ಅಲ್ಲೇ ಇರಿ. ಕೊರಿಯರ್‌ನವರು ಬೆಲ್ ಮಾಡಿದರೆ ಚಿಲಕ ಹಾಕಿಕೊಂಡು ಹೋಗಿ.

ಮೈಗೆ ಹನಿ ಬಿದ್ದರೆ ನಲ್ಲಿ ನೀರಿನ ಕೆಳಗೆ ಹಿಡಿಯಿರಿ, ಕನಿಷ್ಠ 20 ನಿಮಿಷ. ವಿನೆಗರ್, ನಿಂಬೆರಸ, ಎಣ್ಣೆ ಏನೂ ಹಚ್ಚಬೇಡಿ. ಕಣ್ಣಿಗೆ ಬಿದ್ದರೆ ಅಷ್ಟೇ ಹೊತ್ತು ತೊಳೆದು ನೇರ ಕಣ್ಣಿನ ಆಸ್ಪತ್ರೆಗೆ ಹೋಗಿ. ಯಾರಾದರೂ ನುಂಗಿದರೆ ವಾಂತಿ ಮಾಡಿಸಬೇಡಿ. ಇಳಿಯುವಾಗ ಸುಟ್ಟಿದ್ದು ಮೇಲೆ ಬರುವಾಗ ಮತ್ತೆ ಸುಡುತ್ತದೆ. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಓಡಿ.

ಬೆರೆಸುವುದು

ಎಣ್ಣೆಗಳನ್ನು ಒಟ್ಟಿಗೆ ಬೆಚ್ಚಗೆ ಮಾಡಿ. ಎಣ್ಣೆ, ಕಾಸ್ಟಿಕ್ ನೀರು ಎರಡೂ 40ರಿಂದ 45 ಡಿಗ್ರಿಗೆ ಬಂದಾಗ ನೀರನ್ನು ಎಣ್ಣೆಗೆ ನಿಧಾನ ಸುರಿಯಿರಿ. ಹ್ಯಾಂಡ್ ಬ್ಲೆಂಡರನ್ನು ಪೂರ್ತಿ ಮುಳುಗಿಸಿದ ಮೇಲೆಯೇ ಸ್ವಿಚ್ ಒತ್ತಿ, ನಿಲ್ಲಿಸಿದ ಮೇಲೆಯೇ ಮೇಲೆತ್ತಿ. ಐದು ಸೆಕೆಂಡ್ ಬ್ಲೆಂಡರ್, ಅರ್ಧ ನಿಮಿಷ ಕೈಯಲ್ಲಿ ಕಲಕುವುದು, ಮತ್ತೆ ಬ್ಲೆಂಡರ್. ಒಂದೇ ಸಮ ಓಡಿಸಿದರೆ ಪಾತ್ರೆಯಲ್ಲೇ ಗಟ್ಟಿಯಾಗಿ ಅಚ್ಚಿಗೆ ಬೀಳುವುದೇ ಇಲ್ಲ.

ತೆಳು ದೋಸೆ ಹಿಟ್ಟಿನ ಹದಕ್ಕೆ ಬರಬೇಕು. ಸೌಟಿನಿಂದ ಇಳಿಸಿದ ಎಳೆ ಒಂದು ಕ್ಷಣ ಮೇಲೆ ನಿಂತು ಆಮೇಲೆ ಮುಳುಗಿದರೆ ಆಯಿತು. ಆದರೆ ಇಲ್ಲೊಂದು ಮೋಸ ಇದೆ. ಕೊಬ್ಬರಿ ಎಣ್ಣೆ 24 ಡಿಗ್ರಿ ಹತ್ತಿರ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಗಿನ ಬೆಂಗಳೂರಿನಲ್ಲೋ ಮಡಿಕೇರಿಯಲ್ಲೋ ಎಣ್ಣೆ ತಣ್ಣಗಿದ್ದರೆ ಸೋಪ್ ಆಗದೆಯೇ ಮಂದವಾದಂತೆ ಕಾಣುತ್ತದೆ. ಅಚ್ಚಿಗೆ ಹೊಯ್ದ ಮೇಲೆ ಎಣ್ಣೆ ಮೇಲೆ, ಕಾಸ್ಟಿಕ್ ಕೆಳಗೆ. ಹಾಗಾಗಿ ಪಾತ್ರೆ ಬೆಚ್ಚಗಿದೆಯಾ ಎಂದು ಮುಟ್ಟಿ ನೋಡಿ.

ಬಣ್ಣ, ಪರಿಮಳ ನನ್ನ ಪ್ರಕಾರ ಮೊದಲ ಸಲ ಬೇಡವೇ ಬೇಡ. ಹಸಿ ಪಪ್ಪಾಯಿ, ಸೌತೆಕಾಯಿ, ಲೋಳೆಸರ ಹಾಕಿದ ಸೋಪ್ ಫೋಟೊಗೆ ಚಂದ, ಆಮೇಲೆ ಕಂದು ತಿರುಗಿ ಕೆಡುತ್ತದೆ. ನಿಂಬೆರಸ ಕಾಸ್ಟಿಕ್ ತಿಂದು ಲೆಕ್ಕ ಕೆಡಿಸುತ್ತದೆ. ಕರ್ಪೂರ, ನೀಲಗಿರಿ ಎಣ್ಣೆ ಪುಟ್ಟ ಮಕ್ಕಳಿಗೆ ಒಳ್ಳೆಯದಲ್ಲ. ಅಗ್ಗದ "ಗಂಧದೆಣ್ಣೆ" ಬಾಟಲಿಯಲ್ಲಿ ಗಂಧ ಇರುವುದಿಲ್ಲ, ಅಸಲಿ ಗಂಧದೆಣ್ಣೆಯ ಬೆಲೆ ಗೊತ್ತಲ್ವಾ? ಗಂಧದ ಸೋಪೇ ಬೇಕೆಂದರೆ ಮೈಸೂರು ಸ್ಯಾಂಡಲ್ ತನ್ನಿ. ನಲ್ವಡಿ ಕೃಷ್ಣರಾಜ ಒಡೆಯರ್, ವಿಶ್ವೇಶ್ವರಯ್ಯನವರ ಕಾಲದಿಂದ ಆ ಕೆಲಸ ಮಾಡುವವರಿಗೇ ಅದನ್ನು ಬಿಡೋಣ.

ಅಚ್ಚು, ಕತ್ತರಿಸುವುದು, ಒಣಗಿಸುವುದು

ಐಸ್‌ಕ್ರೀಮಿನ ಖಾಲಿ ಪ್ಲಾಸ್ಟಿಕ್ ಡಬ್ಬಿಗೆ ಬಟರ್ ಪೇಪರ್ ಹಾಸಿ ಹೊಯ್ಯಿರಿ, ಟವೆಲ್ ಸುತ್ತಿ ಬೀರು ಮೇಲಿಡಿ. ಮಾರನೇ ದಿನ ಗ್ಲೌಸ್ ಹಾಕಿಕೊಂಡೇ ಕತ್ತರಿಸಿ. ಎರಡು ದಿನ ಬಿಟ್ಟರೆ ಕೊಬ್ಬರಿ ಎಣ್ಣೆ ಸೋಪ್ ಕಲ್ಲಾಗಿ ಚಾಕು ಇಟ್ಟಲ್ಲಿ ಒಡೆಯುತ್ತದೆ. ಗಾಳಿಯಾಡುವ, ಮಕ್ಕಳ ಕೈಗೆ ಎಟುಕದ ಕಡೆ 4ರಿಂದ 6 ವಾರ ಒಣಗಿಸಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಈ ಕೆಲಸ ಇಟ್ಟುಕೊಳ್ಳದಿರುವುದೇ ಲೇಸು, ಎಷ್ಟು ಇಟ್ಟರೂ ಬೆವರುತ್ತಲೇ ಇರುತ್ತದೆ.

ಆಯಿತೋ ಇಲ್ಲವೋ ಎಂದು ನಾಲಿಗೆಗೆ ತಾಗಿಸಿ ನೋಡುವ ಪದ್ಧತಿ ಇದೆ. ಮಕ್ಕಳ ಮುಂದೆ ಅದನ್ನು ಮಾಡಬೇಡಿ, ಮರುದಿನ ಅವರೂ ನೆಕ್ಕುತ್ತಾರೆ. ನೊರೆಗೆ ಪಿಎಚ್ ಪಟ್ಟಿ (ಕ್ಷಾರ ಎಷ್ಟಿದೆ ಎಂದು ಬಣ್ಣದಲ್ಲಿ ತೋರಿಸುವ ಕಾಗದ) ಅದ್ದಿ. 9-10 ಬಂದರೆ ಸರಿ, 11 ದಾಟಿದರೆ ಬಳಸಬೇಡಿ.

ಆ 9-10 ಅನ್ನುವುದನ್ನು ನೆನಪಿಡಿ. ಮನೆಯ ಸೋಪ್ ಎಷ್ಟೇ ಚೆನ್ನಾಗಿದ್ದರೂ ಕ್ಷಾರವೇ, ಕಣ್ಣಿಗೆ ಹೋದರೆ ಉರಿಯುತ್ತದೆ. ಎಳೆ ಕೂಸಿಗೆ, ಇಸುಬು ಇರುವ ಮಕ್ಕಳಿಗೆ ಇದು ಬೇಡ. ಕೈ ತೊಳೆಯಲು, ದೊಡ್ಡವರ ಸ್ನಾನಕ್ಕೆ ಬಳಸಿ.

ಮಕ್ಕಳ ಪಾಳಿ

ಇದಕ್ಕೆ ಸೋಪ್ ಬೇಸ್ ಕೊಳ್ಳಿ. ಅದರಲ್ಲಿ ಕಾಸ್ಟಿಕ್ ಕೆಲಸ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಮೊಂಡು ಚಾಕು ಕೊಟ್ಟರೆ ಮಕ್ಕಳೇ ತುಂಡು ಮಾಡುತ್ತಾರೆ. ಬಿಸಿನೀರಿನ ಪಾತ್ರೆಯೊಳಗೆ ಸ್ಟೀಲ್ ಬಟ್ಟಲಿಟ್ಟು ನೀವು ಕರಗಿಸಿ. ಕುದಿಸಬೇಡಿ, ಕುದಿದರೆ ಸೋಪ್ ಒಣಗಿ ಬಿರುಕು ಬಿಡುತ್ತದೆ. ಅಚ್ಚಿಗೆ ಹೊಯ್ಯುವುದೂ ನೀವೇ. ಕರಗಿದ ಬೇಸ್ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ.

ಹಾಗಾದರೆ ಮಕ್ಕಳಿಗೇನು ಉಳಿಯಿತು? ಬಹಳಷ್ಟು. ಅಚ್ಚು ಆರಿಸುವುದು, ಬಣ್ಣದ ಹನಿ ಎಣಿಸಿ ಹಾಕುವುದು, ಒಣಗಿದ ಬೇವಿನೆಲೆ, ಗುಲಾಬಿ ಎಸಳು ಉದುರಿಸುವುದು. ಒಳಗೆ ಪುಟ್ಟ ಆಟಿಕೆ ಹುದುಗಿಸುವ ಫ್ಯಾಷನ್ ಇದೆ, ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಬೇಡ. ಸೋಪ್ ಸವೆದ ದಿನ ಅದು ಬಾಯಿಗೇ ಹೋಗುವುದು. ಲಡ್ಡು, ಚಾಕೊಲೇಟ್ ಆಕಾರದ ಅಚ್ಚೂ ಅದೇ ಕಾರಣಕ್ಕೆ ಬೇಡ.

ಒಂದು ಚಿಟಿಕೆ ಅರಿಶಿನ ಹಾಕಲು ಹೇಳಿ. ಕ್ಷಾರ ತಾಗಿದ ಅರಿಶಿನ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದೂ ಇದೇ ಲೆಕ್ಕದಲ್ಲಿ. ಯಾಕೆ ಕೆಂಪಾಯಿತು ಎಂದು ಮಕ್ಕಳು ಕೇಳಿದರೆ ಅಂಗಿ ಮೇಲಿನ ಸಾರಿನ ಕಲೆಗೆ ಸೋಪ್ ಉಜ್ಜಿ ತೋರಿಸಿ.

ಒಂದೆರಡು ಗಂಟೆಯಲ್ಲಿ ಗಟ್ಟಿಯಾಗುತ್ತದೆ. ಅವಸರಕ್ಕೆ ಫ್ರೀಜರಿನಲ್ಲಿಟ್ಟರೆ ಹೊರಗೆ ತೆಗೆದ ಕೂಡಲೇ ಬೆವರುತ್ತದೆ. ಅಚ್ಚಿನಿಂದ ತೆಗೆದ ದಿನವೇ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿಡಿ. ನಿಮ್ಮ ಎಣ್ಣೆ ಸೋಪನ್ನು ಮಾತ್ರ ಹೀಗೆ ಸುತ್ತಬೇಡಿ, ಅದಕ್ಕೆ ಗಾಳಿ ಬೇಕು. ಅದು ಒಣಗುವವರೆಗೆ ಕ್ಯಾಲೆಂಡರಿನಲ್ಲಿ ದಿನ ಹೊಡೆದುಹಾಕುವ ಕೆಲಸ ಮಕ್ಕಳಿಗೆ ಕೊಡಿ, ಇಲ್ಲದಿದ್ದರೆ "ಆಯ್ತಾ, ಆಯ್ತಾ" ಎಂದು ದಿನಾ ಕೇಳುತ್ತಾರೆ.

ಮಿಕ್ಕ ಕಾಸ್ಟಿಕ್ ಸೋಡಾ ನೋಡಲು ಕಲ್ಲುಸಕ್ಕರೆ ಪುಡಿಯ ಹಾಗೇ ಇರುತ್ತದೆ. ಡಬ್ಬ ಬದಲಿಸದೆ, ಹೆಸರಿರುವ ಅದೇ ಡಬ್ಬದಲ್ಲಿ, ಬೀಗ ಹಾಕುವ ಕಪಾಟಿನಲ್ಲಿಡಿ. ಒಂದು ಸಲಕ್ಕೆ ಬೇಕಾದಷ್ಟೇ ತಂದರೆ ಇನ್ನೂ ಒಳ್ಳೆಯದು.