ಲಾಗ್‌ನಿಂದ ಮೊಬೈಲ್ ನಂಬರ್ ತೆಗೆದ ಕೆಲಸ

ಡೇಟಾಬೇಸಿಗೆ ಎಲ್ಲರೂ ಬೀಗ ಹಾಕುತ್ತಾರೆ. ಯಾರಿಗೆ ಯಾವ ಟೇಬಲ್ ಕಾಣಬೇಕು ಎಂದು ಮೀಟಿಂಗ್ ಮೇಲೆ ಮೀಟಿಂಗ್ ನಡೆಯುತ್ತದೆ. ಅದೇ ಮಾಹಿತಿ ಲಾಗ್ ಫೈಲಿನಲ್ಲಿ, ಅಂದರೆ ಸಾಫ್ಟ್‌ವೇರ್ ತಾನು ಮಾಡಿದ್ದನ್ನೆಲ್ಲ ಸಾಲು ಸಾಲಾಗಿ ಬರೆದಿಡುವ ಕಡತದಲ್ಲಿ, ಬಿದ್ದಿದ್ದರೆ ಕೇಳುವವರಿಲ್ಲ. ಸಾಲದ ಅರ್ಜಿ ಪಡೆಯುವ ಒಂದು ಆ್ಯಪ್‌ನ ಬ್ಯಾಕೆಂಡ್ (ಸರ್ವರ್ ಕಡೆಯ ಭಾಗ) ನೋಡಿಕೊಳ್ಳುವ ನನಗೆ ಈ ಲಾಗ್‌ಗಳನ್ನು ಶುದ್ಧ ಮಾಡುವ ಕೆಲಸ ಸಿಕ್ಕಿತು. ಸಂಬಳ, ಆಧಾರ್, ಪ್ಯಾನ್, ಅರ್ಜಿ ತಿರಸ್ಕಾರವಾದ ಕಾರಣ, ಎಲ್ಲವನ್ನೂ ಜನ ನಮ್ಮನ್ನು ನಂಬಿ ಕೊಟ್ಟಿರುತ್ತಾರೆ. ಲಾಗ್ ನೋಡುವ ಅನುಮತಿ ಇರುವವರೆಲ್ಲ ಅದನ್ನು ಓದಬಹುದು ಎಂದರೆ ನನಗೆ ಸಹಿಸಲಾಗಲಿಲ್ಲ.

ದೊಡ್ಡ ಕಂಪನಿಗಳಲ್ಲೂ ಇದು ಆಗಿದೆ. ಟ್ವಿಟರ್‌ನಲ್ಲಿ ಪಾಸ್‌ವರ್ಡ್ ಹ್ಯಾಶ್ ಆಗುವ, ಅಂದರೆ ಹಿಂದಕ್ಕೆ ತಿರುಗಿಸಲಾಗದ ಸಂಕೇತವಾಗುವ, ಮೊದಲೇ ಒಳಗಿನ ಲಾಗ್‌ಗೆ ಹೋಗುತ್ತಿತ್ತು. 2018ರ ಮೇನಲ್ಲಿ ಅವರು 33 ಕೋಟಿ ಬಳಕೆದಾರರಿಗೂ ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಹೇಳಬೇಕಾಯಿತು. ಪಾಸ್‌ವರ್ಡ್‌ಗಳನ್ನು ಒಳಗಿನ ವ್ಯವಸ್ಥೆಯಲ್ಲಿ ಯಾರೂ ಓದಬಹುದಾದ ರೂಪದಲ್ಲೇ ಇಟ್ಟುಕೊಂಡಿದ್ದಕ್ಕೆ ಮೆಟಾಗೆ ಐರ್ಲೆಂಡಿನ ದತ್ತಾಂಶ ರಕ್ಷಣಾ ಆಯೋಗ 2024ರಲ್ಲಿ 9.1 ಕೋಟಿ ಯೂರೊ ದಂಡ ಹಾಕಿತು.

ಮೊದಲು ಏನೇನು ಸೋರುತ್ತಿದೆ ಎಂದು ಹುಡುಕಬೇಕಿತ್ತು. ಹನ್ನೆರಡು ಅಂಕಿ ಒಟ್ಟಿಗೆ ಕಂಡಲ್ಲೆಲ್ಲ ಆಧಾರ್ ಎಂದುಕೊಂಡರೆ ವಹಿವಾಟಿನ ನಂಬರುಗಳೂ ರಾಶಿ ಬೀಳುತ್ತವೆ. ಆಧಾರ್ ಸಂಖ್ಯೆ 0 ಅಥವಾ 1ರಿಂದ ಶುರುವಾಗುವುದಿಲ್ಲ. ಕೊನೆಯ ಅಂಕಿ ವೆರ್ಹೂಫ್ ವಿಧಾನದಲ್ಲಿ ಲೆಕ್ಕ ಹಾಕಿದ ತಾಳೆ ಅಂಕಿ. ಈ ಎರಡು ಪರೀಕ್ಷೆಯನ್ನು ಸ್ಕ್ರಿಪ್ಟ್‌ಗೆ ಸೇರಿಸಿದ ಮೇಲೆ ಸುಳ್ಳು ಸುಳಿವುಗಳು ಹತ್ತಕ್ಕೆ ಒಂದರ ಲೆಕ್ಕಕ್ಕೂ ಕೆಳಗಿಳಿದವು. ಪ್ಯಾನ್ ಸುಲಭ: ಐದು ಅಕ್ಷರ, ನಾಲ್ಕು ಅಂಕಿ, ಮತ್ತೆ ಒಂದು ಅಕ್ಷರ, ವ್ಯಕ್ತಿಯದಾದರೆ ನಾಲ್ಕನೇ ಅಕ್ಷರ ಪಿ.

ಸಿಕ್ಕಿದ ಜಾಗಗಳು ನೋಡಿ. ಯಾರೋ ಡೀಬಗ್ ಮಾಡಲೆಂದು ಇಡೀ ರಿಕ್ವೆಸ್ಟನ್ನೇ ಬರೆಸಿದ್ದ ಸಾಲುಗಳು ಇದ್ದೇ ಇದ್ದವು, ಅವನ್ನು ಅಳಿಸಿದರೆ ಮುಗಿಯಿತು. ಯುಆರ್‌ಎಲ್‌ನಲ್ಲೇ ಮೊಬೈಲ್ ನಂಬರ್ ಕಳಿಸುವ ಎಪಿಐಗಳದ್ದು (ಆ್ಯಪ್ ಸರ್ವರಿನೊಡನೆ ಮಾತಾಡುವ ದಾರಿಗಳದ್ದು) ಬೇರೆ ಪಾಡು: ನಮ್ಮ ಕೋಡ್ ಸುಮ್ಮನಿದ್ದರೂ ವೆಬ್ ಸರ್ವರ್ ಎನ್‌ಜಿನ್‌ಎಕ್ಸ್ ತನ್ನ ಆಕ್ಸೆಸ್ ಲಾಗ್‌ನಲ್ಲಿ ಬರೆದಿಡುತ್ತದೆ, ಕೋರಿಕೆಗಳನ್ನು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಕೂಡ. ಅವನ್ನೆಲ್ಲ, ನಂಬರನ್ನು ಯುಆರ್‌ಎಲ್ ಬದಲು ಕೋರಿಕೆಯ ಒಳಗೆ ಕಳಿಸುವ ಪೋಸ್ಟ್ ವಿಧಾನಕ್ಕೆ ಬದಲಾಯಿಸಿದೆವು. ಕಣ್ಣಿಗೆ ಬೀಳದಂತೆ ಅಡಗಿದ್ದದ್ದು ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್‌ನ ದೋಷ ಸಂದೇಶ. ಒಂದೇ ನಂಬರಿನಿಂದ ಎರಡನೇ ಸಲ ನೋಂದಣಿಗೆ ಪ್ರಯತ್ನಿಸಿದರೆ, ಕಾಲಂನ ಹೆಸರು, ಅದರ ಪಕ್ಕ ಪೂರ್ತಿ ಮೊಬೈಲ್ ನಂಬರ್, ಕೊನೆಗೆ ‘ಆಲ್‌ರೆಡಿ ಎಕ್ಸಿಸ್ಟ್ಸ್’ ಎಂದು ಬರುತ್ತದೆ. ದೋಷ ಕೋಡ್‌ನಲ್ಲಿ ಎಲ್ಲಿಂದ ಬಂತು ಎಂದು ಹೇಳುವ ಸ್ಟ್ಯಾಕ್ ಟ್ರೇಸ್ ಜೊತೆ ಅದೂ ಲಾಗ್ ಸೇರುತ್ತದೆ. ಡೇಟಾಬೇಸಿಗೆ ಸಂಪರ್ಕ ಕೊಡುವ ಜಾವಾದ ಜೆಡಿಬಿಸಿ ಡ್ರೈವರ್‌ನಲ್ಲಿ ಆ ವಿವರವನ್ನು ಕೈಬಿಡಿಸುವ ಸೆಟ್ಟಿಂಗ್ ಇದೆ, ಅದನ್ನು ಹಾಕಿದೆವು.

ಲಾಗ್‌ಗೆ ಬರೆದಾದ ಮೇಲೆ ಗುಟ್ಟಿನ ಮಾಹಿತಿ ಮುಚ್ಚುವ ಫಿಲ್ಟರ್ ಮೇಲೆ ನನಗೆ ಭರವಸೆ ಕಡಿಮೆ. ಹೊಸ ಫೀಲ್ಡ್ ಒಂದು ಬಂದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಮೊಬೈಲ್, ಆಧಾರ್, ಪ್ಯಾನ್, ಹುಟ್ಟಿದ ದಿನ ಇವಕ್ಕೆಲ್ಲ ಸಾದಾ ಸ್ಟ್ರಿಂಗ್ (ಕೋಡ್‌ನಲ್ಲಿ ಪಠ್ಯ ಇಡುವ ಮಾಮೂಲಿ ಬಗೆ) ಬಿಟ್ಟು ನಮ್ಮದೇ ಒಂದು ಟೈಪ್ ಮಾಡಿದೆವು. ಅದನ್ನು ಪ್ರಿಂಟ್ ಮಾಡಿದರೆ ಬರುವುದು ಮೂರು ನಕ್ಷತ್ರ ಮಾತ್ರ. ನಿಜವಾದ ಮೌಲ್ಯ ಬೇಕಿದ್ದರೆ ಪ್ರತ್ಯೇಕ ಫಂಕ್ಷನ್ ಕರೆಯಬೇಕು, ಮತ್ತು ಆ ಫಂಕ್ಷನ್ ಕೋಡ್ ರಿವ್ಯೂನಲ್ಲಿ ಎದ್ದು ಕಾಣುತ್ತದೆ. ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಟ್ಟದ್ದು ಇದೇ.

ವಿರೋಧ ಬಂದದ್ದು ಸಪೋರ್ಟ್ ತಂಡದಿಂದ, ಅದು ನ್ಯಾಯವಾಗಿಯೂ ಇತ್ತು. ‘ಸರ್, ಒಟಿಪಿ ಬಂದಿಲ್ಲ ಅಂತ ಗ್ರಾಹಕರು ಫೋನ್ ಮಾಡ್ತಾರೆ. ಅವರ ಹತ್ರ ಇರೋದು ನಂಬರ್ ಒಂದೇ. ಲಾಗ್‌ನಲ್ಲಿ ಅದೇ ಇಲ್ಲ ಅಂದ್ರೆ ನಾವು ಏನ್ ಹಿಡ್ಕೊಂಡು ಹುಡ್ಕೋದು?’ ಎಂದು ಆ ತಂಡದ ಮುಖ್ಯಸ್ಥೆ ಕೇಳಿದರು. ‘ನಂಬರಿನ ಬದಲು ಒಂದು ಗುರುತು ಇರುತ್ತೆ ಮೇಡಂ, ನೀವು ನಂಬರ್ ಹಾಕಿದ್ರೆ ಪರದೆಯೇ ಆ ಗುರುತು ಹುಡುಕಿ ಕೊಡುತ್ತೆ’ ಎಂದೆ.

ಆ ಗುರುತಿಗೆ ಎಸ್‌ಎಚ್‌ಎ-256 ಹ್ಯಾಶ್ ಸಾಕು ಎಂದು ನಮ್ಮ ತಂಡದಲ್ಲೇ ಒಬ್ಬರು ವಾದಿಸಿದರು. ಸಾಲದು. ನಮ್ಮ ದೇಶದ ಮೊಬೈಲ್ ನಂಬರ್ ಹತ್ತು ಅಂಕಿಯದು, ಶುರುವಾಗುವುದು 6, 7, 8 ಅಥವಾ 9ರಿಂದ. ಅಂದರೆ ಇರಬಹುದಾದ ನಂಬರುಗಳು ಒಟ್ಟು 400 ಕೋಟಿ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಒಂದಿದ್ದರೆ ಅಷ್ಟಕ್ಕೂ ಹ್ಯಾಶ್ ಹಾಕಿ ಹೋಲಿಸಲು ಸೆಕೆಂಡುಗಳು ಸಾಕು. ಅದಕ್ಕೇ ಗುಟ್ಟಿನ ಕೀಲಿ ಸೇರಿಸುವ ಎಚ್‌ಮ್ಯಾಕ್ ಬಳಸಿದೆವು. ಕೀಲಿ ಲಾಗ್ ಸರ್ವರ್‌ನ ಹತ್ತಿರವೂ ಸುಳಿಯುವುದಿಲ್ಲ. ಸಪೋರ್ಟ್ ಪರದೆಯ ಹಿಂದಿನ ಸೇವೆಗೆ ಮಾತ್ರ ಅದು ಸಿಗುತ್ತದೆ, ಯಾರು ಯಾವಾಗ ಹುಡುಕಿದರು ಎಂಬುದೂ ದಾಖಲಾಗುತ್ತದೆ.

ಹಳೆಯ ಲಾಗ್‌ಗಳನ್ನೆಲ್ಲ ಒಂದೇ ಏಟಿಗೆ ಅಳಿಸಿಬಿಡೋಣ ಎಂಬ ಸಲಹೆಯೂ ಬಂತು. ಆದರೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಬೇಕು. ಇತ್ತ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಉದ್ದೇಶ ಮುಗಿದ ಮಾಹಿತಿಯನ್ನು, ಬೇರೆ ಕಾನೂನು ಇಟ್ಟುಕೊಳ್ಳಿ ಎನ್ನದ ಹೊರತು, ಅಳಿಸಬೇಕು ಎನ್ನುತ್ತದೆ. ಹಳೆಯದನ್ನು ಎನ್‌ಕ್ರಿಪ್ಟ್ ಮಾಡಿ ಬೇರೆ ಕಡೆ ಇಟ್ಟು, ನೋಡುವ ಅನುಮತಿಯನ್ನು ಭದ್ರತಾ ತಂಡದ ಇಬ್ಬರಿಗೆ ಸೀಮಿತ ಮಾಡಿ, ಅವಧಿ ಮುಗಿದಂತೆ ತಾನಾಗಿ ಅಳಿಯುವಂತೆ ಮಾಡಿದೆವು.

ಮತ್ತೆ ಸೋರದಂತೆ ನೋಡಿಕೊಳ್ಳಲು ಟೆಸ್ಟ್ ಒಂದನ್ನು ಕಟ್ಟಿದ್ದೇವೆ. ಕಲ್ಪಿತ ಅರ್ಜಿದಾರರೊಬ್ಬರ ಹೆಸರು, ನಂಬರ್, ಹುಟ್ಟಿದ ದಿನ ಹಾಕಿ ಅರ್ಜಿಯ ಎಲ್ಲ ಹಂತ ಓಡಿಸುತ್ತೇವೆ, ಬೇಕೆಂದೇ ದೋಷಗಳನ್ನೂ ಎಬ್ಬಿಸುತ್ತೇವೆ. ಆಮೇಲೆ ಆ ಟೆಸ್ಟ್ ಎಲ್ಲ ಲಾಗ್‌ಗಳಲ್ಲಿ ಆ ಹೆಸರು, ನಂಬರ್ ಹುಡುಕುತ್ತದೆ. ಎಲ್ಲಿ ಸಿಕ್ಕರೂ ಬಿಲ್ಡ್, ಅಂದರೆ ಹೊಸ ಆವೃತ್ತಿಯ ತಯಾರಿ, ನಿಲ್ಲುತ್ತದೆ. ಈಗ ಇದನ್ನೇ ಮೊಬೈಲ್ ಆ್ಯಪ್‌ನ ಕ್ರ್ಯಾಶ್ ವರದಿಗಳಿಗೂ ವಿಸ್ತರಿಸುತ್ತಿದ್ದೇವೆ. ಅವು ಹೊರಗಿನ ಕಂಪನಿಯ ಸರ್ವರಿಗೆ ಹೋಗುವುದರಿಂದ ಫೋನ್ ಬಿಡುವ ಮುಂಚೆಯೇ ತಡೆಯಬೇಕು.